ಸ್ವಲ್ಪ ವ್ಯಯದಲ್ಲಿ ಗೃಹಾಲಂಕಾರ

'ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು' ಎಂಬ ಗಾದೆಯನ್ನು ನಮ್ಮಲ್ಲಿ ಅರಿಯದವರಿಲ್ಲ. ಎರಡರಲ್ಲಿಯೂ ಕೈ ಬರಿದಾಗುವುದೆಂಬುದೇ ಅದರ ತಾತ್ಪರ್ಯ. ಆದರೆ ಮನೆಯನ್ನು ಕಟ್ಟಿದ ಮೇಲೆ, ಅಥವಾ ಬಾಡಿಗೆಗೆ ಹಿಡಿದ ಮೇಲೆ, ಅದರ ಒಳಗನ್ನು ಕಣ್ಣಿಗೂ ಮನಸ್ಸಿಗೂ ಹಿತವಾಗುವಂತೆ ಇಟ್ಟುಕೊಳ್ಳುವುದು ಹೇಗೆಂಬ ವಿಚಾರದಲ್ಲಿ ಆ ಗಾದೆಯು ಏನನ್ನೂ ಹೇಳುವುದಿಲ್ಲ. ಬರಿದಾದ ಕೈಯಿಂದಲೇ ಆ ಕೆಲಸವನ್ನು ಮಾಡಬಹುದೆಂದೂ, ಹಾಗೆ ಮಾಡಿದಾಗಲೇ ಅದು ಚೆನ್ನಾಗಿ ಆಗುವ ಸಂಭವ ಹೆಚ್ಚೆಂದೂ ನಾವು ಇಲ್ಲಿ ವಿವರಿಸಲು ಯತ್ನಿಸುತ್ತೇವೆ.

ಗೃಹಾಲಂಕಾರವೆಂದರೆ ಸಿರಿವಂತರ ವಿಲಾಸವೆಂಬುದು ಒಂದು ತಪ್ಪು ಕಲ್ಪನೆ. ಅದು ಪರರ ಅನುಕರಣವೆಂಬುದು ಎರಡನೆಯದು. ನಮ್ಮ ನಗರಗಳಲ್ಲಿ ನಾಲ್ಕಾರು ಮನೆಗಳ ಹಜಾರಗಳನ್ನು ಹೊಕ್ಕು ನೋಡಿದರೆ ಈ ಎರಡನೆಯ ಕಲ್ಪನೆ ಎಷ್ಟು ಬಲವಾಗಿ ಬೇರೂರಿದೆಯೆಂಬುದು ತಿಳಿದೀತು. ಅದೇ ಮೆತ್ತನೆಯ ಆಸನ, ಅದೇ ಬಾಡದ ಹೂವು, ಎಂದೂ ತೆರೆಯದ ಅದೇ ಗಾಜಿನ ಬೀರು. ಅಂಗಡಿಯವನು ಯಾವ ಕ್ರಮದಲ್ಲಿ ಜೋಡಿಸಿ ತೋರಿಸಿದನೋ ಅದೇ ಕ್ರಮದಲ್ಲಿ ಅವು ಮನೆಗೆ ಬಂದು ಕುಳಿತಿರುತ್ತವೆ. ಆ ಮನೆಯಲ್ಲಿ ವಾಸಿಸುವವರು ಯಾವ ಊರಿನವರು, ಅವರ ಅಜ್ಜಿ ಏನನ್ನು ಹೊಲಿಯುತ್ತಿದ್ದಳು, ಅವರಿಗೆ ಯಾವುದನ್ನು ಕಂಡರೆ ನಗು ಬರುತ್ತದೆ ಎಂಬ ಒಂದು ಮಾತನ್ನಾದರೂ ಆ ಕೋಣೆಯು ಹೇಳುವುದಿಲ್ಲ. ಇಷ್ಟಕ್ಕಾಗಿ ಸಾಲ ಮಾಡಿದವರೂ ಉಂಟು. ಹಾಸಿಗೆ ಇದ್ದಷ್ಟು ಕಾಲು ಚಾಚಬೇಕೆಂಬ ಹಿರಿಯರ ಮಾತನ್ನು ಮೀರಿ ಪಡೆದ ವಸ್ತುವು ಅಂದವಾಗಿದ್ದರೂ ನೆಮ್ಮದಿಯನ್ನು ಕೊಡಲಾರದು.

ಈ ಪ್ರಶ್ನೆಯನ್ನು ಇತರ ದೇಶದವರೂ ಎದುರಿಸಿದ್ದಾರೆ. ಇಂಗ್ಲೆಂಡಿನಲ್ಲಿ ವಿಲಿಯಂ ಮಾರಿಸ್ ಎಂಬ ಕವಿಯೂ ಕುಶಲಿಯೂ ಆದ ಮಹನೀಯನು 1861ರಲ್ಲಿ ಗೆಳೆಯರೊಡಗೂಡಿ ಗೃಹಾಲಂಕಾರದ ಒಂದು ಸಂಸ್ಥೆಯನ್ನು ಆರಂಭಿಸಿದನು. ಯಂತ್ರಗಳು ಉಗುಳುತ್ತಿದ್ದ ಕೀಳು ಸಾಮಾನುಗಳಿಂದ ಜನರ ಕಣ್ಣನ್ನು ಬಿಡಿಸಿ, ಸಾಮಾನ್ಯನ ಮನೆಗೂ ಕಲೆಯನ್ನು ಮುಟ್ಟಿಸಬೇಕೆಂಬುದು ಅವನ ಹಂಬಲ. ಆದರೆ ಅವನ ದೇಶದಲ್ಲಿ ಕೈಕೆಲಸಕ್ಕೆ ಬೆಲೆ ಹೆಚ್ಚು. ಅವನ ಗೋಡೆಕಾಗದಗಳೂ ಜಮಖಾನೆಗಳೂ ಬಹುಮಟ್ಟಿಗೆ ಧನಿಕರ ಮನೆಗಳನ್ನೇ ಸೇರಿದವು. ಜಪಾನಿನಲ್ಲಿ ಯಾನಾಗಿ ಸೊಎತ್ಸು ಎಂಬ ವಿದ್ವಾಂಸನು ಬೇರೊಂದು ದಾರಿಯನ್ನು ಹಿಡಿದನು. ಹೆಸರಿಲ್ಲದ ಕುಂಬಾರನೂ ನೇಕಾರನೂ ದಿನಬಳಕೆಗಾಗಿ ಮಾಡಿದ ಅಗ್ಗದ ವಸ್ತುಗಳಲ್ಲಿಯೇ ನಿಜವಾದ ಸೌಂದರ್ಯವಿದೆಯೆಂದು ಅವನು ಸಾರಿದನು. ಅಂಥ ವಸ್ತುಗಳಿಗಾಗಿಯೇ 1936ರಲ್ಲಿ ಟೋಕಿಯೋ ನಗರದಲ್ಲಿ ಒಂದು ವಸ್ತುಸಂಗ್ರಹಾಲಯವನ್ನು ತೆರೆದನು. ಹೊಸ ಅಂದವನ್ನು ಸೃಷ್ಟಿಸಿ ಜನರಿಗೆ ಹಂಚಬೇಕೆಂದವನು ಮಾರಿಸ್. ಜನರ ಕೈಯಲ್ಲಿಯೇ ಇರುವ ಅಂದವನ್ನು ಗುರುತಿಸಬೇಕೆಂದವನು ಯಾನಾಗಿ. ಕೈಕೆಲಸವು ಇನ್ನೂ ಸಂತೆಯಲ್ಲಿ ದೊರೆಯುವ ನಮ್ಮ ನಾಡಿಗೆ ಎರಡನೆಯ ದಾರಿಯೇ ಸಮೀಪವಾದದ್ದು.

ವಾಸ್ತವವಾಗಿ ವಸ್ತುಗಳನ್ನು ಅಂದವಾಗಿ ಜೋಡಿಸುವ ಪಾಠವನ್ನು ನಾವು ವಿದೇಶದಿಂದ ತರಿಸಿಕೊಳ್ಳಬೇಕಾಗಿಲ್ಲ. ಮೈಸೂರು ಸೀಮೆಯ ಮನೆಗಳಲ್ಲಿ ನವರಾತ್ರಿಗೆ ಗೊಂಬೆ ಕೂರಿಸುವ ಕ್ರಮವನ್ನು ಗಮನಿಸಿರಿ. ಮೊದಲು ಬೆಸಸಂಖ್ಯೆಯ ಮೆಟ್ಟಿಲುಗಳು. ಅವುಗಳ ಮೇಲೆ ಬಿಳಿಯ ಬಟ್ಟೆ. ಮೇಲಿನ ಸಾಲಿನಲ್ಲಿ ಪಟ್ಟದ ಗೊಂಬೆಗಳು. ಕೆಳಗಿಳಿದಂತೆ ಸಂತೆಯ ಸೆಟ್ಟಿ, ಅವನ ಅಂಗಡಿ, ತರಕಾರಿ, ಆನೆ, ಕುದುರೆ. ಇದರಲ್ಲಿ ಅಲಂಕಾರಶಾಸ್ತ್ರದ ಮೂರು ಸೂತ್ರಗಳು ಅಡಗಿವೆ. ಹಿನ್ನೆಲೆಯು ಸರಳವಾಗಿದ್ದರೆ ಚಿಕ್ಕ ವಸ್ತುವೂ ಎದ್ದು ಕಾಣುತ್ತದೆ ಎಂಬುದು ಮೊದಲನೆಯದು. ಬಿಡಿಬಿಡಿಯಾಗಿ ಅಲ್ಪವೆನಿಸುವ ವಸ್ತುಗಳು ಒಂದು ಕ್ರಮಕ್ಕೆ ಒಳಪಟ್ಟು ಗುಂಪಾದಾಗ ಘನತೆಯನ್ನು ಪಡೆಯುತ್ತವೆ ಎಂಬುದು ಎರಡನೆಯದು. ಮೂರನೆಯದು ಎಲ್ಲಕ್ಕಿಂತ ಮುಖ್ಯವಾದುದು: ಹಬ್ಬ ಮುಗಿದ ಮೇಲೆ ಗೊಂಬೆಗಳು ಪೆಟ್ಟಿಗೆಗೆ ಹಿಂದಿರುಗುತ್ತವೆ. ವರ್ಷವೆಲ್ಲ ಎದುರಿಗಿದ್ದರೆ ಯಾರೂ ನೋಡದೆ ಹೋಗುತ್ತಿದ್ದ ಗೊಂಬೆಯನ್ನು ಮರುವರ್ಷ ಮಕ್ಕಳು ಹೊಸದೆಂಬಂತೆ ಕೈಗೆತ್ತಿಕೊಳ್ಳುತ್ತಾರೆ. ಜಪಾನೀಯರ ಮನೆಗಳಲ್ಲಿ ತೊಕೊನೊಮ ಎಂಬ ಒಂದು ಗೂಡಿನಲ್ಲಿ ಒಂದೇ ಚಿತ್ರವನ್ನೂ ಒಂದಿಷ್ಟು ಹೂವನ್ನೂ ಇಟ್ಟು, ಋತುವಿಗೆ ತಕ್ಕಂತೆ ಅವನ್ನು ಬದಲಿಸುವ ಪದ್ಧತಿಯೂ ಇದೇ ತತ್ತ್ವವನ್ನು ಆಶ್ರಯಿಸಿದೆ. ಮನೆಯಲ್ಲಿರುವ ಇಪ್ಪತ್ತು ವಸ್ತುಗಳಲ್ಲಿ ಐದನ್ನು ಮಾತ್ರ ಹೊರಗಿಟ್ಟು, ಎರಡು ಮೂರು ತಿಂಗಳಿಗೊಮ್ಮೆ ಬದಲಿಸಿದರೆ ಕಾಸು ಖರ್ಚಿಲ್ಲದೆ ಕೋಣೆಯು ಹೊಸತಾಗುತ್ತದೆ.

ಇನ್ನು ಅಂಥ ವಸ್ತುಗಳು ದೊರೆಯುವುದೆಲ್ಲಿ? ಬೆಂಗಳೂರಿನಿಂದ ಮೈಸೂರಿಗೆ ಹೋಗುವ ಹಳೆಯ ಹೆದ್ದಾರಿಯಲ್ಲಿ ಚನ್ನಪಟ್ಟಣವಿದೆ. ಹಾಲೆಮರದ ತುಂಡನ್ನು ಚರಕಿಗೆ ಸಿಕ್ಕಿಸಿ ತಿರುಗಿಸುತ್ತ ಉಳಿಯಿಂದ ರೂಪ ಕೊಟ್ಟು, ಬಣ್ಣ ಬೆರೆಸಿದ ಅರಗಿನ ಕಡ್ಡಿಯನ್ನು ತಿರುಗುವ ಮರಕ್ಕೆ ಒತ್ತಿ ಹಿಡಿಯುತ್ತಾರೆ. ಉಜ್ಜುವಿಕೆಯ ಬಿಸಿಗೇ ಅರಗು ಕರಗಿ ಮರಕ್ಕೆ ಮೆತ್ತಿಕೊಳ್ಳುತ್ತದೆ. ಆ ಬಳಿಕ ಗರಿಯಿಂದ ತಿಕ್ಕಿದರೆ ಕನ್ನಡಿಯಂಥ ಹೊಳಪು ಬರುತ್ತದೆ. ಮಕ್ಕಳ ಆಟಿಕೆಯೆಂದು ಮಾತ್ರ ಇವನ್ನು ತಿಳಿಯಬೇಕಾಗಿಲ್ಲ. ಬಾಗಿಲಿನ ಹಿಡಿ, ಪರದೆಯ ತುದಿಯ ಗುಂಡು, ಅಂಗಿ ತೂಗುಹಾಕುವ ಗೂಟ, ಇವುಗಳಿಗೆ ಸಪ್ಪೆಯಾದ ಲೋಹದ ಬದಲು ಒಂದೊಂದು ಬಣ್ಣದ ಅರಗಿನ ಗುಂಡನ್ನು ಜೋಡಿಸಿದರೆ ಹಳೆಯ ಬೀರುವಿಗೂ ನಗೆ ಬರುತ್ತದೆ. ಕೊಪ್ಪಳ ಜಿಲ್ಲೆಯ ಕಿನ್ನಾಳದಲ್ಲಿ ಚಿತ್ರಗಾರರು ಹಗುರವಾದ ಮರಕ್ಕೆ ಹುಣಿಸೆಬೀಜದ ಅಂಟಿನ ಲೇಪವನ್ನು ಕೊಟ್ಟು ಬಣ್ಣ ಬಳಿದು ಗೊಂಬೆಗಳನ್ನು ಮಾಡುತ್ತಾರೆ. ಧಾರವಾಡ ಜಿಲ್ಲೆಯ ನವಲಗುಂದದ ಹೆಣ್ಣುಮಕ್ಕಳು ನೇಯುವ ನೂಲಿನ ಜಮಖಾನೆಯಲ್ಲಿ ನವಿಲುಗಳೂ ಚೌಕಗಳೂ ಮೂಡುತ್ತವೆ. ಸಣ್ಣದೊಂದನ್ನು ಕೊಂಡು ಗೋಡೆಗೆ ತೂಗುಹಾಕಿದರೆ ಬೇರೊಂದು ಚಿತ್ರಪಟದ ಅಗತ್ಯವಿಲ್ಲ. ಉತ್ತರ ಕರ್ನಾಟಕದ ಕೌದಿಯಂತೂ ಹಳೆಯ ಸೀರೆ ಧೋತರಗಳ ಚೂರುಗಳನ್ನು ಕೂಡಿಸಿ ಸಾಲುಹೊಲಿಗೆ ಹಾಕಿದ ವಸ್ತು; ಅದಕ್ಕೆ ತಗಲುವುದು ದಾರ ಮತ್ತು ತಾಳ್ಮೆ ಮಾತ್ರ.

ಸಾಗರದ ಕಡೆಯ ದೀವರ ಮನೆಗಳಲ್ಲಿ ಕೆಮ್ಮಣ್ಣು ಸಾರಿಸಿದ ಗೋಡೆಯ ಮೇಲೆ ಅಕ್ಕಿಹಿಟ್ಟಿನ ಬಿಳಿಯಿಂದ ಹಸೆಚಿತ್ತಾರವನ್ನು ಬರೆಯುತ್ತಾರೆ. ಪುಂಡಿನಾರಿನ ಕುಂಚ, ಸುಟ್ಟ ಅಕ್ಕಿಯ ಕಪ್ಪು, ಗುರಿಗೆಬೀಜದ ಹಳದಿ, ಇಷ್ಟೇ ಅದರ ಸಾಮಗ್ರಿ. ಭೂಮಿ ಹುಣ್ಣಿಮೆಯ ದಿನ ಗದ್ದೆಗೆ ಒಯ್ಯುವ ಬುಟ್ಟಿಯನ್ನೂ ಹೀಗೆಯೇ ಸಿಂಗರಿಸುತ್ತಾರೆ. ನಗರದ ಮನೆಯಲ್ಲಿ ಅಂಥ ಒಂದು ಬುಟ್ಟಿಯು ಪತ್ರಿಕೆಗಳನ್ನೋ ಹೊಲಿಗೆಯ ಸಾಮಾನನ್ನೋ ಹೊತ್ತು ಮೂಲೆಯಲ್ಲಿ ಕುಳಿತರೆ, ಆ ಮೂಲೆಯೇ ಕೋಣೆಗೆ ಕಣ್ಣಾಗುತ್ತದೆ. ಬಿದಿರಿಗೆ ತೇವ ತಗಲದಂತೆ ನೋಡಿಕೊಂಡು ಆಗಾಗ ಬಿಸಿಲು ತೋರಿಸಿದರೆ ಹುಳುಗಳ ಕಾಟ ಕಡಮೆ.

ಕೊಳ್ಳುವುದಕ್ಕಿಂತಲೂ ಸುಲಭವಾದ ದಾರಿಯೊಂದಿದೆ. ಅದು ಅಟ್ಟಕ್ಕೆ ಹತ್ತುವುದು. ಅಜ್ಜಿಯ ಕಾಲದ ಹಿತ್ತಾಳೆಯ ಕೊಳಗ, ಸೇರು ಪಾವುಗಳ ಅಳತೆ, ಮರದ ಚನ್ನೆಮಣೆ, ಶ್ಯಾವಿಗೆಯ ಒರಳು, ಇವು ಕೆಲಸವನ್ನು ಕಳೆದುಕೊಂಡಿವೆಯೇ ಹೊರತು ರೂಪವನ್ನು ಕಳೆದುಕೊಂಡಿಲ್ಲ. ಕಲಾಯಿ ಹೋದ ಪಾತ್ರೆಯಲ್ಲಿ ಹುಳಿಯ ಅಡುಗೆ ಮಾಡಬಾರದು. ಆದರೆ ನೀರು ತುಂಬಿ ನಾಲ್ಕು ಸೇವಂತಿಗೆಗಳನ್ನು ತೇಲಿಬಿಡಲು ಕಲಾಯಿಯ ಹಂಗಿಲ್ಲ. ಮಂಗಳೂರಿನಲ್ಲಿ ಬಾಸೆಲ್ ಮಿಷನ್ನಿನವರು 1865ರಲ್ಲಿ ಹೆಂಚಿನ ಕಾರ್ಖಾನೆಯನ್ನು ಆರಂಭಿಸಿದ ಬಳಿಕ ನಾಡಿನ ಎಷ್ಟೋ ಮಾಡುಗಳು ಕೆಂಪಾದವು. ಆ ಬಗೆಯ ಹಳೆಯ ಹೆಂಚುಗಳ ಮೇಲೆ ಕಾರ್ಖಾನೆಯ ಹೆಸರೂ ಗುರುತೂ ಅಚ್ಚೊತ್ತಿರುತ್ತವೆ. ಒಂದನ್ನು ತೊಳೆದು ಹೂಕುಂಡದ ಕೆಳಗಿಟ್ಟರೆ ಅದೊಂದು ಇತಿಹಾಸದ ಹಾಳೆ.

ಗೋಡೆಯ ಚಿತ್ರಗಳ ವಿಚಾರದಲ್ಲಿಯೂ ಒಂದು ಮಾತು. ತೈಲಚಿತ್ರಗಳು ಅರಮನೆಗಳ ಸೊತ್ತಾಗಿದ್ದ ಕಾಲದಲ್ಲಿ ರಾಜಾ ರವಿವರ್ಮನು 1894ರಲ್ಲಿ ಮುಂಬಯಿಯಲ್ಲಿ ಮುದ್ರಣಾಲಯವನ್ನು ಸ್ಥಾಪಿಸಿ ತನ್ನ ಲಕ್ಷ್ಮೀ ಸರಸ್ವತಿಯರನ್ನು ಬಡವರ ಮನೆಗೂ ಕಳುಹಿಸಿದನು. ಅವನ ಕುಂಚದ ಮೂಲಕೃತಿಗಳನ್ನು ಮೈಸೂರಿನ ಜಗನ್ಮೋಹನ ಅರಮನೆಯಲ್ಲಿ ನೋಡಬಹುದು. ಅವನ ಮುದ್ರಣಾಲಯದ ಹಳೆಯ ಪಟಗಳು ಇಂದಿಗೂ ಒಮ್ಮೊಮ್ಮೆ ಗುಜರಿ ಅಂಗಡಿಯ ಧೂಳಿನಲ್ಲಿ ದೊರೆಯುವುದುಂಟು. ಬೆಂಗಳೂರಿನಲ್ಲಿ ಚಿತ್ರಕಲಾ ಪರಿಷತ್ತು ವರ್ಷಾರಂಭದಲ್ಲಿ ನಡೆಸುವ ಚಿತ್ರಸಂತೆಯಲ್ಲಿ ಎಳೆಯ ಕಲಾವಿದರ ಕೃತಿಗಳನ್ನು ಅವರ ಕೈಯಿಂದಲೇ ಕೊಳ್ಳಬಹುದು. ತಂದ ಚಿತ್ರವನ್ನು ಮಾಡಿನ ಹತ್ತಿರ ಮೊಳೆ ಹೊಡೆದು ನೇತುಹಾಕುವ ರೂಢಿ ನಮ್ಮಲ್ಲಿದೆ. ನಿಂತವರ ಕಣ್ಣಿನ ಮಟ್ಟಕ್ಕೆ, ಎಂದರೆ ನೆಲದಿಂದ ಸುಮಾರು 5 ಅಡಿಗಳ ಎತ್ತರಕ್ಕೆ, ಚಿತ್ರದ ನಡುಭಾಗ ಬರುವಂತೆ ಇಟ್ಟರೆ ಅದು ನಮ್ಮೊಡನೆ ಮಾತನಾಡುತ್ತದೆ. ನೇರವಾದ ಬಿಸಿಲು ಬೀಳುವ ಗೋಡೆಯನ್ನು ಮಾತ್ರ ಬಿಡಬೇಕು. ಕಾಗದದ ಬಣ್ಣಕ್ಕೂ ರೇಷ್ಮೆಯ ಬಣ್ಣಕ್ಕೂ ಬಿಸಿಲೇ ಮುಖ್ಯ ಶತ್ರು.

ಹಳೆಯ ವಸ್ತುಗಳ ಮೋಹಕ್ಕೆ ಒಂದು ಎಲ್ಲೆ ಇರಬೇಕು. ನೂರು ವರ್ಷ ಮೀರಿದ ಕಲಾಕೃತಿಗಳು 1972ರ ಪುರಾತನ ವಸ್ತುಗಳ ಶಾಸನಕ್ಕೆ ಒಳಪಡುತ್ತವೆ. ವಿಗ್ರಹ, ದೇಗುಲದ ದೀಪ, ಕೆತ್ತನೆಯ ಕಲ್ಲು, ಇವು ಅಗ್ಗವಾಗಿ ಕೈಗೆ ಬಂದರೆ ಸಂತೋಷಪಡುವ ಮೊದಲು ಅವು ಎಲ್ಲಿಂದ ಬಂದುವೆಂದು ಕೇಳುವುದು ನಮ್ಮ ಕರ್ತವ್ಯ. ಯಾವುದೋ ಊರಿನ ಗುಡಿಯನ್ನು ಬರಿದು ಮಾಡಿ ನಮ್ಮ ಹಜಾರವನ್ನು ತುಂಬುವುದು ಅಲಂಕಾರವಲ್ಲ. ತೊಟ್ಟಿಯ ಮನೆಗಳ ಕಂಬ ಬಾಗಿಲುವಾಡಗಳಿಗೆ ನಗರದಲ್ಲಿ ಗಿರಾಕಿಗಳು ಹೆಚ್ಚಿದಷ್ಟೂ ಅಂಥ ಮನೆಗಳನ್ನು ಕೆಡವುವ ಆಸೆಯೂ ಹೆಚ್ಚುತ್ತದೆಯೆಂಬುದನ್ನು ನೆನೆಯಬೇಕು.

ಅಗ್ಗವೆಂಬ ಮಾತನ್ನೂ ಸ್ವಲ್ಪ ವಿಚಾರ ಮಾಡಿ ಬಳಸುವುದು ಲೇಸು. ದೊಡ್ಡ ಅಂಗಡಿಯಲ್ಲಿ ಬೆಲೆಯ ಚೀಟಿಯನ್ನು ನೋಡಿ ಮರುಮಾತಿಲ್ಲದೆ ಹಣ ಕೊಡುವ ನಾವು, ಬೀದಿಯ ಬದಿಯಲ್ಲಿ ಕುಳಿತ ಬುಟ್ಟಿ ಹೆಣೆಯುವವಳ ಹತ್ತಿರ ಹತ್ತು ರೂಪಾಯಿಗಾಗಿ ಹತ್ತು ನಿಮಿಷ ಚೌಕಾಸಿ ಮಾಡುತ್ತೇವೆ. ಮಂಗಳೂರಿನಲ್ಲಿ 1903ರಲ್ಲಿ ಜನಿಸಿದ ಕಮಲಾದೇವಿ ಚಟ್ಟೋಪಾಧ್ಯಾಯರು, 1952ರಲ್ಲಿ ಸ್ಥಾಪಿತವಾದ ಅಖಿಲ ಭಾರತ ಕರಕುಶಲ ಮಂಡಲಿಯ ಅಧ್ಯಕ್ಷೆಯಾಗಿ, ಅಳಿದುಹೋಗುತ್ತಿದ್ದ ಎಷ್ಟೋ ಕಸುಬುಗಳಿಗೆ ಮತ್ತೆ ಜೀವ ಬರುವಂತೆ ದುಡಿದರು. ಆದರೆ ಮಂಡಲಿಗಳಿಂದ ಮಾತ್ರ ಕಸುಬು ಉಳಿಯದು. ಅರಗಿನ ಬಣ್ಣ ಹಾಕುವವನ ಮಗನು ತಂದೆಯ ಚರಕಿಯ ಮುಂದೆ ಕೂರಬೇಕೋ ಬೇಡವೋ ಎಂಬುದನ್ನು ಕೊನೆಗೆ ತೀರ್ಮಾನಿಸುವವರು ಕೊಳ್ಳುವವರಾದ ನಾವೇ. ಒಬ್ಬನು ಕೂರದೆ ಎದ್ದುಹೋದರೆ ಅವನೊಡನೆ ಹಲವು ತಲೆಮಾರುಗಳ ಕೈಯ ನೆನಪು ಹೊರಟುಹೋಗುತ್ತದೆ. ಅದನ್ನು ಯಾವ ಬೆಲೆ ಕೊಟ್ಟೂ ಮರಳಿ ಕೊಳ್ಳಲಾಗದು. ಹತ್ತು ವಸ್ತುಗಳನ್ನು ಹಿಂಡಿ ಕೊಳ್ಳುವ ಬದಲು ಎರಡನ್ನು ನ್ಯಾಯವಾದ ಬೆಲೆಗೆ ಕೊಂಡರೆ ಮನೆಯೂ ಉಸಿರಾಡುತ್ತದೆ, ಮಾಡಿದವನೂ ಉಸಿರಾಡುತ್ತಾನೆ.

ಆದುದರಿಂದ ಮೊದಲು ಮಾಡತಕ್ಕದ್ದು ತರುವ ಕೆಲಸವಲ್ಲ, ತೆಗೆಯುವ ಕೆಲಸ. ಒಂದು ಬಿಡುವಿನ ದಿನ ಹಜಾರದ ಸಾಮಾನನ್ನೆಲ್ಲ ಹೊರಗಿಟ್ಟು, ಕಿಟಕಿಗಳನ್ನು ತೆರೆದು, ಸಾಧ್ಯವಾದರೆ ಗೋಡೆಗೆ ಬಿಳಿಯ ಸುಣ್ಣವನ್ನು ಬಳಿಸಿರಿ. ಸುಣ್ಣವು ಬೆಳಕನ್ನು ಹೆಚ್ಚಿಸುತ್ತದೆ, ಬೂಷ್ಟನ್ನು ತಡೆಯುತ್ತದೆ, ಬೆಲೆಯೂ ಕಡಮೆ. ಬಳಿಕ ಪ್ರತಿಯೊಂದು ವಸ್ತುವನ್ನೂ ಒಳಗೆ ತರುವಾಗ ಅದು ಕೆಲಸಕ್ಕೆ ಬರುವುದೇ, ಅಥವಾ ಮನೆಯವರಲ್ಲಿ ಒಬ್ಬರಿಗಾದರೂ ಪ್ರಿಯವೇ ಎಂದು ಕೇಳಿಕೊಳ್ಳಿರಿ. ಎರಡೂ ಅಲ್ಲದ್ದು ಹೊರಗೇ ಉಳಿಯಲಿ. ತೆರವಾದ ಜಾಗದಲ್ಲಿ ಒಂದೇ ಒಂದು ವಿಚಿತ್ರವಾದ, ನಿಮ್ಮದೇ ಆದ ವಸ್ತುವನ್ನಿಡಿರಿ. ಅದು ತಾತನ ಊರುಗೋಲಾಗಿರಬಹುದು, ಮಗಳು ಬರೆದ ಕೆಂಪು ಹಸುವಿನ ಚಿತ್ರವಾಗಿರಬಹುದು. ಮನೆಗೆ ಬಂದ ಅತಿಥಿಯು ಅದರ ಬೆಲೆಯನ್ನು ಕೇಳದೆ ಅದರ ಕಥೆಯನ್ನು ಕೇಳಿದರೆ ಅಲಂಕಾರವು ಸಾರ್ಥಕವಾಯಿತೆಂದು ತಿಳಿಯಬಹುದು.