ಕ್ರಿಟೇಷಿಯಸ್–ಪೇಲಿಯೋಜೀನ್ ಗಡಿಯ ಇರಿಡಿಯಮ್ ವೈಪರೀತ್ಯ

ಶಿಲಾಸ್ತರವೊಂದರಲ್ಲಿ ಇರಿಡಿಯಮ್ ಧಾತುವಿನ ಪ್ರಮಾಣವು ಅದರ ಮೇಲಿನ ಮತ್ತು ಕೆಳಗಿನ ಸ್ತರಗಳಿಗಿಂತ ಹಲವು ಪಟ್ಟು ಅಧಿಕವಾಗಿರುವುದನ್ನು ಇರಿಡಿಯಮ್ ವೈಪರೀತ್ಯ ಎನ್ನುತ್ತಾರೆ. ಸುಮಾರು 6.6 ಕೋಟಿ ವರ್ಷಗಳ ಹಿಂದಿನ ಕ್ರಿಟೇಷಿಯಸ್ ಮತ್ತು ಪೇಲಿಯೋಜೀನ್ ಕಲ್ಪಗಳ ಗಡಿಯಲ್ಲಿ ಕಂಡುಬರುವ ವೈಪರೀತ್ಯವು ಇದರ ಪ್ರಸಿದ್ಧ ಉದಾಹರಣೆ. ಡೈನೋಸಾರ್‌ಗಳು ಅಳಿದುಹೋದ ಕಾಲದಲ್ಲಿ ಭೂಮಿಗೆ ಕ್ಷುದ್ರಗ್ರಹವೊಂದು ಅಪ್ಪಳಿಸಿತೆಂಬುದಕ್ಕೆ ಇದು ಮೊದಲ ಪ್ರಬಲ ಸಾಕ್ಷ್ಯವಾಯಿತು.

ಇರಿಡಿಯಮ್‌ನ ಮಹತ್ವ

ಇರಿಡಿಯಮ್ ಪ್ಲಾಟಿನಮ್ ಗುಂಪಿಗೆ ಸೇರಿದ ಲೋಹ. ಕಬ್ಬಿಣದೊಡನೆ ಸುಲಭವಾಗಿ ಬೆರೆಯುವ ಗುಣ ಇದಕ್ಕಿದೆ. ಭೂಮಿಯು ಕರಗಿದ ಸ್ಥಿತಿಯಲ್ಲಿದ್ದಾಗ ಕಬ್ಬಿಣವು ಕೇಂದ್ರದ ಕಡೆಗೆ ಇಳಿಯಿತು. ಇರಿಡಿಯಮ್‌ನ ಬಹುಪಾಲೂ ಅದರೊಂದಿಗೆ ಇಳಿದುಹೋಯಿತು. ಆದ್ದರಿಂದ ಭೂಮಿಯ ಹೊರಚಿಪ್ಪಿನಲ್ಲಿ ಅದು ಶತಕೋಟಿಗೆ ಒಂದು ಭಾಗಕ್ಕಿಂತಲೂ ಕಡಿಮೆ. ಇಂತಹ ವಿಂಗಡಣೆಗೆ ಒಳಗಾಗದ ಆದಿಮ ಉಲ್ಕಾಶಿಲೆಗಳಲ್ಲಿ ಮಾತ್ರ ಇದರ ಪ್ರಮಾಣ ನೂರಾರು ಪಟ್ಟು ಹೆಚ್ಚು.

ಗುಬ್ಬಿಯೊದ ಶೋಧ

ಇಟಲಿಯ ಗುಬ್ಬಿಯೊ ಪಟ್ಟಣದ ಬಳಿ ಸುಣ್ಣಕಲ್ಲಿನ ಸ್ತರಗಳ ನಡುವೆ ಸುಮಾರು 1 ಸೆಂ.ಮೀ. ದಪ್ಪದ ಜೇಡಿಪದರವಿದೆ. ಅದರ ಕೆಳಗಿನ ಸ್ತರದಲ್ಲಿ ಹೇರಳವಾಗಿರುವ ಸೂಕ್ಷ್ಮ ಸಮುದ್ರಜೀವಿಗಳ ಪಳೆಯುಳಿಕೆಗಳಲ್ಲಿ ಬಹುತೇಕ ಪ್ರಭೇದಗಳು ಮೇಲಿನ ಸ್ತರದಲ್ಲಿ ಕಾಣುವುದಿಲ್ಲ. ಈ ಪದರ ರೂಪುಗೊಳ್ಳಲು ಎಷ್ಟು ಕಾಲ ಹಿಡಿಯಿತೆಂಬುದನ್ನು ಅರಿಯಲು ಭೂವಿಜ್ಞಾನಿ ವಾಲ್ಟರ್ ಆಲ್ವರೆಜ್ ಬಯಸಿದರು. ಬಾಹ್ಯಾಕಾಶದ ಧೂಳು ನಿಧಾನವಾಗಿ, ಒಂದೇ ಗತಿಯಲ್ಲಿ ಉದುರುವುದರಿಂದ, ಅದರಲ್ಲಿನ ಇರಿಡಿಯಮ್ ಗಡಿಯಾರದಂತೆ ನೆರವಾಗಬಹುದೆಂದು ಅವರ ತಂದೆ, ನೊಬೆಲ್ ಪುರಸ್ಕೃತ ಭೌತವಿಜ್ಞಾನಿ ಲೂಯಿಸ್ ಆಲ್ವರೆಜ್ ಸೂಚಿಸಿದರು. ರಸಾಯನವಿಜ್ಞಾನಿಗಳಾದ ಫ್ರಾಂಕ್ ಅಸಾರೊ ಮತ್ತು ಹೆಲೆನ್ ಮಿಶೆಲ್ ಮಾದರಿಗಳನ್ನು ನ್ಯೂಟ್ರಾನ್‌ಗಳಿಗೆ ಒಡ್ಡಿ, ಹೊಮ್ಮಿದ ಗಾಮಾ ಕಿರಣಗಳನ್ನು ಅಳೆದರು. ಇರಿಡಿಯಮ್ ನಿರೀಕ್ಷೆ ಮೀರಿ ಸುಮಾರು 30 ಪಟ್ಟು ಏರಿತ್ತು. ಡೆನ್ಮಾರ್ಕಿನಲ್ಲಿ ಈ ಏರಿಕೆ ಸುಮಾರು 160 ಪಟ್ಟು, ನ್ಯೂಜಿಲೆಂಡಿನಲ್ಲಿ ಸುಮಾರು 20 ಪಟ್ಟು ಇತ್ತು.

ಸಮೀಪದ ನಕ್ಷತ್ರಸ್ಫೋಟವೇ ಇದಕ್ಕೆ ಕಾರಣವಾಗಿದ್ದರೆ ಪ್ಲುಟೋನಿಯಮ್-244 ಸಹ ದೊರೆಯಬೇಕಿತ್ತು, ಅದು ದೊರೆಯಲಿಲ್ಲ. ಜಗತ್ತಿನಾದ್ಯಂತ ಹರಡಿದ ಇರಿಡಿಯಮ್‌ನ ಒಟ್ಟು ಮೊತ್ತವನ್ನು ಅಂದಾಜಿಸಿ, ಸುಮಾರು 10 ಕಿ.ಮೀ. ವ್ಯಾಸದ ಕ್ಷುದ್ರಗ್ರಹ ಅಪ್ಪಳಿಸಿರಬೇಕೆಂದು ಈ ನಾಲ್ವರು 1980ರಲ್ಲಿ ಪ್ರಕಟಿಸಿದರು. ಅದೇ ವರ್ಷ ಯಾನ್ ಸ್ಮಿಟ್ ಮತ್ತು ಯಾನ್ ಹರ್ಟೋಗೆನ್ ಸ್ಪೇನಿನ ಕಾರವಾಕಾದಲ್ಲಿ ಇಂತಹುದೇ ಫಲಿತಾಂಶವನ್ನು ವರದಿ ಮಾಡಿದರು.

ಇತರ ಸಾಕ್ಷ್ಯಗಳು

ಗಡಿಸ್ತರದಲ್ಲಿ ಆಘಾತದ ಗೆರೆಗಳುಳ್ಳ ಕ್ವಾರ್ಟ್ಸ್ ಹರಳುಗಳು ಮತ್ತು ಕರಗಿ ಘನೀಭವಿಸಿದ ಗಾಜಿನ ಗೋಲಿಗಳು ದೊರೆತಿವೆ. ಕ್ರೋಮಿಯಮ್ ಸಮಸ್ಥಾನಿಗಳ ಅನುಪಾತವು ಇಂಗಾಲಯುಕ್ತ ಉಲ್ಕಾಶಿಲೆಗಳಿಗೆ ಹೊಂದುತ್ತದೆ. 1991ರಲ್ಲಿ ಮೆಕ್ಸಿಕೋದ ಯುಕಟಾನ್ ಪರ್ಯಾಯದ್ವೀಪದಡಿ ಹುದುಗಿರುವ, ಸುಮಾರು 180 ಕಿ.ಮೀ. ವ್ಯಾಸದ ಚಿಕ್ಸುಲುಬ್ ಕುಳಿಯು ಅಪ್ಪಳಿಕೆಯ ಸ್ಥಳವೆಂದು ಗುರುತಿಸಲ್ಪಟ್ಟಿತು. 2016ರಲ್ಲಿ ಅಲ್ಲಿ ಕೊರೆದು ತೆಗೆದ ಶಿಲೆಯಲ್ಲೂ ಇರಿಡಿಯಮ್ ಅಧಿಕವಾಗಿರುವುದು 2021ರಲ್ಲಿ ವರದಿಯಾಯಿತು.

ಭಾರತ ಮತ್ತು ದಖ್ಖನ್ ಲಾವಾ

ಮೇಘಾಲಯದ ಉಮ್ ಸೊಹ್ರಿಂಗ್‌ಕ್ಯು ನದಿಪಾತ್ರದ ಸ್ತರಗಳಲ್ಲಿ ಇರಿಡಿಯಮ್ ವೈಪರೀತ್ಯ ದಾಖಲಾಗಿದೆ. ಗುಜರಾತಿನ ಅಂಜಾರ್ ಬಳಿ ಇರಿಡಿಯಮ್ ಅಧಿಕವಿರುವ ಪದರಗಳು ಲಾವಾ ಹರಿವುಗಳ ನಡುವೆ ಇವೆ. ಬೀದರ್, ಕಲಬುರಗಿ, ವಿಜಯಪುರ ಮತ್ತು ಬೆಳಗಾವಿ ಜಿಲ್ಲೆಗಳವರೆಗೂ ಹಬ್ಬಿರುವ ದಖ್ಖನ್ ಲಾವಾ ಇದೇ ಕಾಲಘಟ್ಟದ್ದು. ಸಾಮೂಹಿಕ ಅಳಿವಿನಲ್ಲಿ ಈ ಜ್ವಾಲಾಮುಖಿಗಳ ಪಾಲೆಷ್ಟು ಎಂಬ ಚರ್ಚೆ ಮುಂದುವರಿದಿದೆ. ಕ್ಷುದ್ರಗ್ರಹ ಅಪ್ಪಳಿಸಿತೆಂಬುದನ್ನು ಮಾತ್ರ ಬಹುಪಾಲು ವಿಜ್ಞಾನಿಗಳು ಒಪ್ಪುತ್ತಾರೆ.