ಶಿಫಾರಸಿನ ಕೊಂಡಿ ಮತ್ತು ಅದರ ಲೆಕ್ಕಾಚಾರ

ಯೂಟ್ಯೂಬಿನಲ್ಲಿ ಮಿಕ್ಸರ್ ಗ್ರೈಂಡರಿನದೋ ಮೊಬೈಲ್ ಫೋನಿನದೋ ವಿಮರ್ಶೆಯನ್ನು ನೋಡಿದವರು ವಿಡಿಯೊದ ಕೆಳಗೆ ಕೊಟ್ಟಿರುವ ಕೊಂಡಿಯನ್ನು ಒತ್ತಿ ಆ ವಸ್ತುವನ್ನು ಕೊಂಡಾಗ, ಅನೇಕ ಸಂದರ್ಭಗಳಲ್ಲಿ ಮಾರಾಟದ ಮೊತ್ತದ ಒಂದು ಸಣ್ಣ ಪಾಲು ವಿಡಿಯೊ ಮಾಡಿದವರ ಖಾತೆಗೆ ಸೇರುತ್ತದೆ. ಇನ್‌ಸ್ಟಾಗ್ರಾಮಿನ ರೀಲ್ಸ್, ಟೆಲಿಗ್ರಾಮಿನಲ್ಲಿ ರಿಯಾಯಿತಿಗಳನ್ನು ಸಾರುವ ಚಾನೆಲ್ಲುಗಳು, ವಾಟ್ಸಾಪ್ ಗುಂಪುಗಳು, ಫೇಸ್‌ಬುಕ್ ಪುಟಗಳು ಎಲ್ಲವೂ ಇಂದು ಇದೇ ರೀತಿಯ ಕೊಂಡಿಗಳನ್ನು ಹೊತ್ತು ತಿರುಗುತ್ತಿದ್ದು, ಈ ವ್ಯವಸ್ಥೆಯನ್ನು ಅಫಿಲಿಯೇಟ್ ಮಾರ್ಕೆಟಿಂಗ್ ಎಂದು ಕರೆಯಲಾಗುತ್ತದೆ. ಪತ್ರಿಕೆ ಅಥವಾ ಟೀವಿಯ ಜಾಹೀರಾತಿನಲ್ಲಿ ಪ್ರಕಟಿಸಿದ್ದಕ್ಕೆ ಹಣ ಸಲ್ಲುತ್ತದೆ, ಸರಕು ಮಾರಾಟವಾಯಿತೋ ಇಲ್ಲವೋ ಎಂಬುದು ಪ್ರಕಾಶಕರ ಚಿಂತೆಯಲ್ಲ. ಅಫಿಲಿಯೇಟ್ ವ್ಯವಸ್ಥೆಯಲ್ಲಾದರೋ ಮಾರಾಟ ನಡೆದು, ಹಿಂತಿರುಗಿಸುವ ಅವಧಿ ಮುಗಿದ ಮೇಲಷ್ಟೇ ಕಮಿಷನ್ ದೊರೆಯುವುದು ವಾಡಿಕೆ. ಆದ್ದರಿಂದ ಇಡೀ ವ್ಯವಸ್ಥೆ ಒಂದು ಮಾಪನದ ಪ್ರಶ್ನೆಯ ಮೇಲೆ ನಿಂತಿದೆ: ಈ ಮಾರಾಟ ನಡೆದದ್ದು ಯಾರ ಮಾತಿನಿಂದ? ಆ ಪ್ರಶ್ನೆಗೆ ಯಂತ್ರಗಳು ಹೇಗೆ ಉತ್ತರ ಕಂಡುಕೊಳ್ಳುತ್ತವೆ ಎಂಬುದನ್ನು ತಿಳಿದರೆ, ಸಾಮಾಜಿಕ ಮಾಧ್ಯಮದಲ್ಲಿ ಯಾವ ಬಗೆಯ ಶಿಫಾರಸುಗಳು ಹೆಚ್ಚು ಕಾಣುತ್ತವೆ, ಏಕೆ ಕಾಣುತ್ತವೆ ಎಂಬುದೂ ಸಾಕಷ್ಟು ಸ್ಪಷ್ಟವಾಗುತ್ತದೆ.

ಗಿರಾಕಿಯನ್ನು ಕರೆತಂದವರಿಗೆ ಪಾಲು ಕೊಡುವ ಪದ್ಧತಿ ವ್ಯಾಪಾರದಷ್ಟೇ ಹಳೆಯದಾದರೂ, ಗಣಕಜಾಲದಲ್ಲಿ ಅದು ಬೇರೂರಿದ್ದು ಕಳೆದ ಶತಮಾನದ ಕೊನೆಯ ದಶಕದಲ್ಲಿ. ಅಮೆರಿಕದ ವಿಲಿಯಂ ಟೋಬಿನ್ 1989ರಲ್ಲಿ ಪ್ರಾಡಿಜಿ ಎಂಬ ಆನ್‌ಲೈನ್ ಸೇವೆಯ ಮೂಲಕ ಹೂವು ಮತ್ತು ಉಡುಗೊರೆಗಳನ್ನು ಮಾರುವ ಉದ್ಯಮವನ್ನು ನಡೆಸಿ, ಮುಂದೆ ಈ ಪಾಲುಗಾರಿಕೆಯ ವಿಧಾನಕ್ಕೆ ಪೇಟೆಂಟ್ ಕೋರಿ 2000ದಲ್ಲಿ ಅದನ್ನು ಪಡೆದರು. ಅಷ್ಟರೊಳಗೆ ಸಿಡಿನೌ ಎಂಬ ಸಂಗೀತ ಮಳಿಗೆ 1994ರಲ್ಲಿಯೂ ಅಮೆಜಾನ್ 1996ರ ಜುಲೈನಲ್ಲಿಯೂ ಇಂಥ ಯೋಜನೆಗಳನ್ನು ಆರಂಭಿಸಿದ್ದವು. ಆಗಿನ ಅಫಿಲಿಯೇಟುಗಳು, ಅಂದರೆ ಕೊಂಡಿ ಹಂಚಿ ಪಾಲು ಪಡೆಯುವವರು, ಬಹುತೇಕ ತಮ್ಮದೇ ಜಾಲತಾಣಗಳನ್ನು ಹೊಂದಿದ್ದವರು. ಸಾಮಾಜಿಕ ಮಾಧ್ಯಮಗಳು ಬಂದ ಮೇಲೆ ಮೊಬೈಲೊಂದಿದ್ದರೆ ಸಾಕು ಎಂಬಂತಾಯಿತು.

ಇಂಥ ಕೊಂಡಿಯೊಂದನ್ನು ಬಿಡಿಸಿ ನೋಡಿದರೆ ಅದರಲ್ಲಿ ಎರಡು ಭಾಗಗಳು ಕಾಣುತ್ತವೆ. ಮೊದಲನೆಯದು ವಸ್ತುವಿನ ಪುಟದ ವಿಳಾಸ. ಎರಡನೆಯದು ಪ್ರಶ್ನಾರ್ಥಕ ಚಿಹ್ನೆಯ ನಂತರ ಬರುವ ಹೆಚ್ಚುವರಿ ಮಾಹಿತಿ. ಅಮೆಜಾನಿನ ಕೊಂಡಿಯಲ್ಲಿ ಈ ಎರಡನೆಯ ಭಾಗದಲ್ಲಿ ‘ಟ್ಯಾಗ್’ ಎಂಬ ಪದವೂ, ಅದರ ಮುಂದೆ ಆ ಅಫಿಲಿಯೇಟಿಗೆ ಕಂಪನಿ ಕೊಟ್ಟಿರುವ ಗುರುತುಪದವೂ ಇರುತ್ತದೆ. ವಸ್ತುವಿನ ಪುಟ ತೆರೆಯಲು ಈ ಗುರುತುಪದದ ಅಗತ್ಯವೇನೂ ಇಲ್ಲ, ಅದನ್ನು ಅಳಿಸಿದರೂ ಪುಟ ತೆರೆದುಕೊಳ್ಳುತ್ತದೆ. ಅದರ ಕೆಲಸ ಗಿರಾಕಿ ಎಲ್ಲಿಂದ ಬಂದರೆಂದು ಅಂಗಡಿಗೆ ತಿಳಿಸುವುದು ಮಾತ್ರ. ಉದ್ದನೆಯ ವಿಳಾಸ ಸಾಮಾಜಿಕ ಮಾಧ್ಯಮದಲ್ಲಿ ಅಂದಗೆಡುವುದರಿಂದ ಅದನ್ನು ಕಿರಿದುಗೊಳಿಸಿ ಹಂಚುವುದೇ ಹೆಚ್ಚು. ಕಿರಿದಾದ ಕೊಂಡಿಯನ್ನು ಒತ್ತಿದಾಗ ಬ್ರೌಸರ್ ಮೊದಲು ಮಧ್ಯವರ್ತಿ ಸರ್ವರಿಗೆ ಹೋಗಿ, ಅಲ್ಲಿ ಒತ್ತಿದ ಹೊತ್ತು, ಸಾಧನದ ಬಗೆ ಮುಂತಾದವು ದಾಖಲಾಗಿ, ಅನಂತರ ಕ್ಷಣಾರ್ಧದಲ್ಲಿ ಅಂಗಡಿಯ ಪುಟಕ್ಕೆ ರವಾನೆಯಾಗುತ್ತದೆ. ಬಳಕೆದಾರರಿಗೆ ಈ ನಡುವಿನ ನಿಲುಗಡೆ ಗೋಚರಿಸುವುದೇ ಇಲ್ಲ.

ಕೊಂಡಿ ಒತ್ತಿದ ಕೂಡಲೇ ಎಲ್ಲರೂ ಕೊಳ್ಳುವುದಿಲ್ಲ. ನಾಲ್ಕು ಪುಟ ನೋಡುತ್ತಾರೆ, ಮನೆಯವರನ್ನು ಕೇಳುತ್ತಾರೆ, ಸಂಜೆ ಮತ್ತೆ ಬರುತ್ತಾರೆ. ಜಾಲತಾಣಗಳ ಮೂಲ ನಿಯಮಾವಳಿಯಾದ ಎಚ್‌ಟಿಟಿಪಿಗೆ ಮಾತ್ರ ನೆನಪೆಂಬುದಿಲ್ಲ, ಅದರ ಮಟ್ಟಿಗೆ ಪ್ರತಿಯೊಂದು ಕೋರಿಕೆಯೂ ಹಿಂದಿನದಕ್ಕೆ ಸಂಬಂಧವಿಲ್ಲದ ಹೊಸ ಕೋರಿಕೆ. ಈ ಕೊರತೆಯನ್ನು ನೀಗಲು ನೆಟ್‌ಸ್ಕೇಪ್ ಕಂಪನಿಯಲ್ಲಿದ್ದ ಲೂ ಮಾಂಟುಲಿ 1994ರಲ್ಲಿ ರೂಪಿಸಿದ ಉಪಾಯವೇ ಕುಕಿ. ದೇವಸ್ಥಾನದ ಬಾಗಿಲಲ್ಲಿ ಪಾದರಕ್ಷೆ ಕಾಯುವವರು ಭಕ್ತರ ಮುಖಗಳನ್ನು ನೆನಪಿಟ್ಟುಕೊಳ್ಳದೆ ಕೈಗೊಂದು ಟೋಕನ್ ಕೊಟ್ಟು, ಮರಳಿ ಬಂದಾಗ ಅದನ್ನು ನೋಡಿಯೇ ವ್ಯವಹರಿಸುವಂತೆ, ಅಂಗಡಿಯ ಸರ್ವರ್ ಒಂದು ಪುಟ್ಟ ಅಕ್ಷರಸರಣಿಯನ್ನು ಬಳಕೆದಾರರ ಬ್ರೌಸರಿನಲ್ಲಿ ಇರಿಸಿ, ಮುಂದಿನ ಭೇಟಿಯಲ್ಲಿ ಅದನ್ನು ಓದಿಕೊಳ್ಳುತ್ತದೆ. ಅಫಿಲಿಯೇಟಿನ ಗುರುತು ಹೀಗೆ ಕುಕಿಯಲ್ಲಿ ಉಳಿದು, ನಿಗದಿತ ಅವಧಿಯೊಳಗೆ ಖರೀದಿ ನಡೆದರೆ ಕಮಿಷನ್ ಅವರ ಲೆಕ್ಕಕ್ಕೆ ಬರುತ್ತದೆ. ಅಮೆಜಾನಿನಲ್ಲಿ ಈ ಅವಧಿ 24 ಗಂಟೆ. ಅಷ್ಟರೊಳಗೆ ವಸ್ತುವನ್ನು ಕಾರ್ಟಿಗೆ ಹಾಕಿಟ್ಟರೆ ಸಾಮಾನ್ಯವಾಗಿ 90 ದಿನಗಳವರೆಗೆ ಅದಕ್ಕೆ ಮಾನ್ಯತೆ ಇರುತ್ತದೆ. ಶಿಫಾರಸು ಮಾಡಿದ ವಸ್ತುವನ್ನೇ ಕೊಳ್ಳಬೇಕೆಂಬ ನಿಯಮವೂ ಬಹುತೇಕ ಇಲ್ಲದಿರುವುದರಿಂದ, ಪುಸ್ತಕದ ಕೊಂಡಿಯಿಂದ ಬಂದವರು ಆ ದಿನ ಚಪ್ಪಲಿ ಕೊಂಡರೂ ಪುಸ್ತಕದ ವಿಮರ್ಶಕರಿಗೆ ಪಾಲು ಸಿಗಬಹುದು.

ಸಾಮಾಜಿಕ ಮಾಧ್ಯಮದ ಆ್ಯಪುಗಳಲ್ಲಿ ಈ ಸರಳ ವಿಧಾನ ಪದೇ ಪದೇ ಮುಗ್ಗರಿಸುತ್ತದೆ. ಇನ್‌ಸ್ಟಾಗ್ರಾಮ್ ಮತ್ತು ಫೇಸ್‌ಬುಕ್‌ಗಳಲ್ಲಿ ಒತ್ತಿದ ಕೊಂಡಿ ಆಯಾ ಆ್ಯಪಿನ ಒಳಗೇ ಇರುವ ಪುಟ್ಟ ಬ್ರೌಸರಿನಲ್ಲಿ ತೆರೆದುಕೊಳ್ಳುವುದು ಸಾಮಾನ್ಯ. ಅಲ್ಲಿ ಉಳಿದ ಕುಕಿ ಫೋನಿನ ಕ್ರೋಮಿಗೂ ಅಂಗಡಿಯ ಆ್ಯಪಿಗೂ ಗೊತ್ತಾಗುವುದಿಲ್ಲ. ಅದೇ ಬಳಕೆದಾರರು ರಾತ್ರಿ ಅಂಗಡಿಯ ಆ್ಯಪನ್ನು ನೇರವಾಗಿ ತೆರೆದು ಕೊಂಡರೆ, ಶಿಫಾರಸು ಮಾಡಿದವರ ಶ್ರಮ ಲೆಕ್ಕದಿಂದ ಜಾರಿಹೋಗುತ್ತದೆ. ಜೊತೆಗೆ ಆ್ಯಪಲ್ ಕಂಪನಿ 2017ರಿಂದ ತನ್ನ ಸಫಾರಿ ಬ್ರೌಸರಿನಲ್ಲಿ ಜಾಡು ಹಿಡಿಯುವ ಕುಕಿಗಳಿಗೆ ಕಡಿವಾಣ ಹಾಕುತ್ತ ಬಂದು, 2020ರಲ್ಲಿ ಬೇರೆ ತಾಣಗಳು ಇರಿಸುವ ಕುಕಿಗಳನ್ನು ಪೂರ್ತಿಯಾಗಿ ತಡೆಯಿತು. ಖಾಸಗಿತನದ ದೃಷ್ಟಿಯಿಂದ ಇದು ಬೇಕಾಗಿದ್ದ ಹೆಜ್ಜೆಯೇ. ಇದಕ್ಕೆ ಪ್ರತಿಯಾಗಿ, ಅಂಗಡಿಗಳಿಗೂ ಅಫಿಲಿಯೇಟುಗಳಿಗೂ ನಡುವಿನ ಮಧ್ಯವರ್ತಿಗಳಾದ ಅನೇಕ ಅಫಿಲಿಯೇಟ್ ಜಾಲಗಳು ಬ್ರೌಸರನ್ನು ನೆಚ್ಚದೆ, ಪ್ರತಿಯೊಂದು ಒತ್ತುವಿಕೆಗೂ ಪ್ರತ್ಯೇಕ ಸಂಖ್ಯೆಯನ್ನು ಕೊಟ್ಟು, ಮಾರಾಟವಾದಾಗ ಅಂಗಡಿಯ ಸರ್ವರೇ ಜಾಲದ ಸರ್ವರಿಗೆ ಆ ಸಂಖ್ಯೆಯನ್ನು ವರದಿ ಮಾಡುವ ವಿಧಾನಕ್ಕೆ ಹೊರಳಿವೆ.

ಇದಕ್ಕಿಂತ ಕಠಿಣವಾದದ್ದು ಶ್ರೇಯದ ಹಂಚಿಕೆ. ಒಬ್ಬ ಗ್ರಾಹಕಿ ಒಂದು ವಾರದ ಅವಧಿಯಲ್ಲಿ ಮೂರು ವಿಮರ್ಶೆಗಳನ್ನು ನೋಡಿ, ಮೂವರ ಕೊಂಡಿಗಳನ್ನೂ ಒತ್ತಿ, ಕೊನೆಗೆ ರಿಯಾಯಿತಿಯ ಕೂಪನ್ ಹುಡುಕುತ್ತ ನಾಲ್ಕನೆಯ ತಾಣಕ್ಕೆ ಹೋಗಿ ಅಲ್ಲಿಂದ ಖರೀದಿಸಿದರೆಂದು ಭಾವಿಸಬಹುದು. ಹೆಚ್ಚು ಪ್ರಚಲಿತವಾಗಿರುವ ‘ಕೊನೆಯ ಕ್ಲಿಕ್’ ಎಂಬ ನಿಯಮದ ಪ್ರಕಾರ ಪೂರ್ತಿ ಕಮಿಷನ್ ಈ ನಾಲ್ಕನೆಯವರಿಗೆ ಸಲ್ಲುತ್ತದೆ. ಅರ್ಧ ಗಂಟೆ ವಿವರಿಸಿ ಸಂದೇಹಗಳನ್ನು ಪರಿಹರಿಸಿದವರಿಗೆ ಏನೂ ಇಲ್ಲ. ಈ ನಿಯಮ ಲೆಕ್ಕಕ್ಕೆ ಸುಲಭವೆಂಬ ಕಾರಣಕ್ಕೇ ಉಳಿದುಕೊಂಡಿದೆಯಾದರೂ, ಅದರ ಪರಿಣಾಮ ಲೆಕ್ಕದ ಪುಸ್ತಕದಲ್ಲಿ ನಿಲ್ಲುವುದಿಲ್ಲ. ಯಾವ ಕೆಲಸಕ್ಕೆ ಹಣ ಬರುತ್ತದೆಯೋ ಆ ಕೆಲಸ ಬೆಳೆಯುತ್ತದೆ: ತಿಳಿವಳಿಕೆ ಕೊಡುವ ವಿಡಿಯೊಗಿಂತ, ಕೊಳ್ಳುವ ಕೊನೆಯ ಗಳಿಗೆಯಲ್ಲಿ ಎದುರಾಗಿ ‘ಇಂದೇ ಕೊನೆಯ ದಿನ’ ಎಂದು ಅವಸರಪಡಿಸುವ ಸಂದೇಶಕ್ಕೆ ಈ ವ್ಯವಸ್ಥೆಯಲ್ಲಿ ಲಾಭ ಹೆಚ್ಚು. ವಸ್ತುವೊಂದು ಕಳಪೆಯಾಗಿದೆ, ಕೊಳ್ಳಬೇಡಿ ಎಂದು ಪರೀಕ್ಷಿಸಿ ಹೇಳುವವರಿಗೂ, ಮನೆಯಲ್ಲಿರುವ ಹಳೆಯದನ್ನೇ ರಿಪೇರಿ ಮಾಡಿಸಿಕೊಳ್ಳಿ ಎನ್ನುವವರಿಗೂ ಯಾವ ಕಮಿಷನ್ನೂ ಇಲ್ಲ. ಅಫಿಲಿಯೇಟ್ ವ್ಯವಸ್ಥೆಯ ಅತ್ಯಂತ ಗಂಭೀರವಾದ ದೋಷ ಇದೇ. ಪ್ರಾಮಾಣಿಕ ವಿಮರ್ಶಕರು ಈ ಸೆಳೆತವನ್ನು ಮೀರಿ ಕೆಲಸ ಮಾಡುತ್ತಿದ್ದಾರೆ ಎಂಬುದು ನಿಜವಾದರೂ, ಅವರು ಮೀರಬೇಕಾದ ಸೆಳೆತವೊಂದು ವ್ಯವಸ್ಥೆಯೊಳಗೇ ಇದೆ.

ಕೊನೆಯ ಕ್ಲಿಕ್ಕಿಗೆ ಇಷ್ಟು ಬೆಲೆ ಇರುವಾಗ ಅದನ್ನು ಕದಿಯುವವರೂ ಹುಟ್ಟಿಕೊಳ್ಳುತ್ತಾರೆ. ‘ಕುಕಿ ಸ್ಟಫಿಂಗ್’ ಎಂಬ ವಂಚನೆಯಲ್ಲಿ, ಪುಟವೊಂದರಲ್ಲಿ ಕಣ್ಣಿಗೆ ಕಾಣದಷ್ಟು ಚಿಕ್ಕ ಚಿತ್ರವನ್ನು ಅಡಗಿಸಿ, ಚಿತ್ರದ ವಿಳಾಸದ ಜಾಗದಲ್ಲಿ ಅಫಿಲಿಯೇಟ್ ಕೊಂಡಿಯನ್ನು ಇಡಲಾಗುತ್ತದೆ. ಪುಟ ತೆರೆದ ಮಾತ್ರಕ್ಕೆ ಬ್ರೌಸರ್ ಆ ಕೊಂಡಿಯನ್ನು ತಾನೇ ಕೋರಿಬಿಡುವುದರಿಂದ, ಬಳಕೆದಾರರು ಏನನ್ನೂ ಒತ್ತದೆಯೇ ಕುಕಿ ಬಂದು ಕೂರುತ್ತದೆ. ಇಬೇ ಕಂಪನಿ ತನ್ನ ಅತಿ ದೊಡ್ಡ ಅಫಿಲಿಯೇಟುಗಳ ವಿರುದ್ಧ 2008ರಲ್ಲಿ ಇಂಥ ಆರೋಪದ ಮೇಲೆ ಮೊಕದ್ದಮೆ ಹೂಡಿತು. ಅವರಲ್ಲಿ ಒಬ್ಬರ ಸಂಸ್ಥೆಯೇ ಪಡೆದಿದ್ದ ಕಮಿಷನ್ ಸುಮಾರು 2.8 ಕೋಟಿ ಡಾಲರ್. ಇದೇ ವಂಚನೆಯ ಅಪರಾಧ ಪ್ರಕರಣದಲ್ಲಿ ತಪ್ಪೊಪ್ಪಿಕೊಂಡ ಇಬ್ಬರಿಗೆ 2014ರಲ್ಲಿ ಅಮೆರಿಕದ ನ್ಯಾಯಾಲಯ ಸೆರೆವಾಸ ವಿಧಿಸಿತು. ಇದೇ ಪ್ರಶ್ನೆ ಇನ್ನೊಂದು ರೂಪದಲ್ಲಿ 2024ರ ಡಿಸೆಂಬರಿನಲ್ಲಿ ಮರಳಿತು: ಪೇಪಾಲ್ ಒಡೆತನದ ಹನಿ ಎಂಬ ಕೂಪನ್ ಹುಡುಕುವ ಬ್ರೌಸರ್ ವಿಸ್ತರಣೆ, ಹಣ ಪಾವತಿಯ ಹಂತದಲ್ಲಿ ಯೂಟ್ಯೂಬರುಗಳ ಗುರುತನ್ನು ಅಳಿಸಿ ತನ್ನದನ್ನು ಇರಿಸುತ್ತಿದೆ ಎಂಬ ಆರೋಪ ಕೇಳಿಬಂದು, ಅನೇಕ ಯೂಟ್ಯೂಬರುಗಳು ಅಮೆರಿಕದಲ್ಲಿ ದಾವೆ ಹೂಡಿದರು, ಕಂಪನಿ ತಾನು ಉದ್ಯಮದ ನಿಯಮಗಳನ್ನೇ ಅನುಸರಿಸಿರುವುದಾಗಿ ಪ್ರತಿಕ್ರಿಯಿಸಿತು.

ಯಂತ್ರದ ಲೆಕ್ಕ ಇಷ್ಟಾದರೆ, ಮನುಷ್ಯರ ಮನಸ್ಸಿನ ಲೆಕ್ಕ ಬೇರೆ. ಅಪರಿಚಿತ ಅಂಗಡಿಯ ಮಾತನ್ನು ನಂಬದವರು ಪರದೆಯ ಮೇಲಿನ ಒಬ್ಬರ ಮಾತನ್ನು ನಂಬುವುದೇಕೆ ಎಂಬುದಕ್ಕೆ ಸಾಮಾಜಿಕ ಮಾಧ್ಯಮಗಳು ಹುಟ್ಟುವುದಕ್ಕೂ ಬಹಳ ಮೊದಲೇ ಒಂದು ವಿವರಣೆ ಬಂದಿತ್ತು. ಡೊನಾಲ್ಡ್ ಹಾರ್ಟನ್ ಮತ್ತು ರಿಚರ್ಡ್ ವೋಲ್ ಎಂಬ ವಿದ್ವಾಂಸರು 1956ರಲ್ಲಿ, ರೇಡಿಯೊ ಮತ್ತು ಟೀವಿಯ ನಿರೂಪಕರ ಬಗ್ಗೆ ಪ್ರೇಕ್ಷಕರಲ್ಲಿ ಬೆಳೆಯುವ ಏಕಮುಖ ಆತ್ಮೀಯತೆಯನ್ನು ವರ್ಣಿಸಿದರು: ನಿರೂಪಕರಿಗೆ ಪ್ರೇಕ್ಷಕರ ಪರಿಚಯವಿಲ್ಲ, ಪ್ರೇಕ್ಷಕರಿಗಾದರೋ ಅವರು ದಿನವೂ ಮನೆಗೆ ಬಂದುಹೋಗುವ ನೆಂಟರಂತೆ. ಅಡುಗೆಮನೆಯಿಂದಲೇ ಮಾತಾಡುವ, ಹೆಸರು ಹಿಡಿದು ಪ್ರತಿಕ್ರಿಯಿಸುವ ಇಂದಿನ ವಿಡಿಯೊಗಳಲ್ಲಿ ಈ ಭಾವ ಇನ್ನೂ ಗಾಢವಾಗಿರುತ್ತದೆ. ಇದಕ್ಕೆ ಪ್ರತಿಯಾಗಿ ಕೆಲಸ ಮಾಡುವ ಇನ್ನೊಂದು ಶಕ್ತಿಯನ್ನು ಮರಿಯನ್ ಫ್ರೀಸ್ಟಾಡ್ ಮತ್ತು ಪೀಟರ್ ರೈಟ್ 1994ರಲ್ಲಿ ‘ಮನವೊಲಿಕೆಯ ಅರಿವು’ ಎಂಬ ಪರಿಕಲ್ಪನೆಯಾಗಿ ರೂಪಿಸಿದರು. ಎದುರಿನವರು ತಮಗೆ ಏನನ್ನೋ ಮಾರಲು ಯತ್ನಿಸುತ್ತಿದ್ದಾರೆ ಎಂದು ತಿಳಿದ ಕ್ಷಣದಿಂದ ಜನ ಅವರ ಮಾತನ್ನು ಬೇರೆ ತಕ್ಕಡಿಯಲ್ಲಿ ತೂಗುತ್ತಾರೆ ಎಂಬುದು ಅದರ ಸಾರ. ಆ ತಿಳಿವು ಮೂಡಬೇಕಾದರೆ ಮಾತಿನ ಹಿಂದೆ ಹಣವಿದೆ ಎಂಬ ಸಂಗತಿ ನೋಡುಗರಿಗೆ ಗೊತ್ತಿರಬೇಕಷ್ಟೆ.

ಅದು ಎಷ್ಟರಮಟ್ಟಿಗೆ ಗೊತ್ತಾಗುತ್ತಿದೆ ಎಂಬುದನ್ನು ಪ್ರಿನ್ಸ್‌ಟನ್ ವಿಶ್ವವಿದ್ಯಾಲಯದ ಅರುಣೇಶ್ ಮಾಥುರ್, ಅರವಿಂದ್ ನಾರಾಯಣನ್ ಮತ್ತು ಮಾರ್ಶಿನಿ ಚೆಟ್ಟಿ 2018ರಲ್ಲಿ ಪ್ರಕಟಿಸಿದ ಅಧ್ಯಯನ ಅಳೆದು ತೋರಿಸಿತು. ಸುಮಾರು 5 ಲಕ್ಷ ಯೂಟ್ಯೂಬ್ ವಿಡಿಯೊಗಳನ್ನೂ 21 ಲಕ್ಷ ಪಿಂಟರೆಸ್ಟ್ ಪ್ರಕಟಣೆಗಳನ್ನೂ ಸಂಗ್ರಹಿಸಿದ ಅವರು, ವಿವರಣೆಗಳಲ್ಲಿದ್ದ ಕೊಂಡಿಗಳ ವಿನ್ಯಾಸವನ್ನು ಪರಿಶೀಲಿಸಿ ಅಫಿಲಿಯೇಟ್ ಕೊಂಡಿಗಳನ್ನು ಬೇರ್ಪಡಿಸಿದರು. ಗುರುತುಪದ ಕೊಂಡಿಯಲ್ಲಿಯೇ ಇರುವುದರಿಂದ, ಬಚ್ಚಿಟ್ಟ ಹಣದ ಸಂಬಂಧವನ್ನು ಹೊರಗಿನವರೂ ಪತ್ತೆ ಹಚ್ಚಬಹುದೆಂಬುದು ಈ ಅಧ್ಯಯನದ ಜಾಣ್ಮೆ. ಅಂಥ ಪ್ರಕಟಣೆಗಳಲ್ಲಿ ಕಮಿಷನ್ನಿನ ವಿಷಯವನ್ನು ಯಾವುದಾದರೂ ರೀತಿಯಲ್ಲಿ ತಿಳಿಸಿದ್ದವು ಶೇಕಡ 10ರಷ್ಟು ಮಾತ್ರ. ತಿಳಿಸಿದ್ದವುಗಳಲ್ಲಿಯೂ ‘ಇದು ಅಫಿಲಿಯೇಟ್ ಕೊಂಡಿ’ ಎಂಬ ಚುಟುಕು ಸೂಚನೆಯೇ ಹೆಚ್ಚಾಗಿದ್ದು, ಅದು ಓದುಗರಿಗೆ ಸರಿಯಾಗಿ ಅರ್ಥವಾಗುವುದಿಲ್ಲವೆಂದೂ, ‘ಈ ಕೊಂಡಿಯ ಮೂಲಕ ನೀವು ಕೊಂಡರೆ ನನಗೆ ಕಮಿಷನ್ ಬರುತ್ತದೆ’ ಎಂದು ಬಿಡಿಸಿ ಹೇಳಿದ ವಾಕ್ಯವೇ ಪರಿಣಾಮಕಾರಿಯೆಂದೂ ಅವರು ಕಂಡುಕೊಂಡರು.

ಇಂಥ ಹಣದ ಸಂಬಂಧವನ್ನು ತಿಳಿಸುವ ಬಗ್ಗೆ ಭಾರತದಲ್ಲಿ ಜಾಹೀರಾತು ಕ್ಷೇತ್ರದ ಸ್ವನಿಯಂತ್ರಣ ಸಂಸ್ಥೆಯಾದ ಆಸ್ಕಿಯ ಮಾರ್ಗಸೂಚಿಗಳು 2021ರ ಜೂನ್ 14ರಿಂದ ಜಾರಿಯಲ್ಲಿವೆ. ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2022ರ ಜೂನ್‌ನಲ್ಲಿ ದಾರಿತಪ್ಪಿಸುವ ಜಾಹೀರಾತುಗಳ ಕುರಿತು ಮಾರ್ಗಸೂಚಿಗಳನ್ನು ಹೊರಡಿಸಿತು. 2023ರ ಜನವರಿಯಲ್ಲಿ ಗ್ರಾಹಕ ವ್ಯವಹಾರಗಳ ಇಲಾಖೆ ಸಾಮಾಜಿಕ ಮಾಧ್ಯಮದ ಪ್ರಭಾವಿಗಳಿಗಾಗಿಯೇ ಕೈಪಿಡಿಯೊಂದನ್ನು ಪ್ರಕಟಿಸಿತು. ಹಣದ ಸಂಬಂಧವನ್ನು ಕಣ್ತಪ್ಪಲಾಗದಂತೆ ತಿಳಿಸಬೇಕು, ಹ್ಯಾಷ್‌ಟ್ಯಾಗುಗಳ ರಾಶಿಯಲ್ಲಿ ಹುದುಗಿಸಬಾರದು, ವಿಡಿಯೊದಲ್ಲಾದರೆ ಬರಹದಲ್ಲಿಯೂ ಮಾತಿನಲ್ಲಿಯೂ ಹೇಳಬೇಕು ಎಂಬುದು ಆ ಕೈಪಿಡಿಯ ಸೂಚನೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ ದಾರಿತಪ್ಪಿಸುವ ಜಾಹೀರಾತನ್ನು ಅನುಮೋದಿಸಿದವರಿಗೆ 10 ಲಕ್ಷ ರೂಪಾಯಿವರೆಗೆ, ತಪ್ಪು ಮರುಕಳಿಸಿದರೆ 50 ಲಕ್ಷ ರೂಪಾಯಿವರೆಗೆ ದಂಡ ವಿಧಿಸಲು ಅವಕಾಶವಿದೆ.

ಹಣದ ಸಂಬಂಧವನ್ನು ತಿಳಿಸುವ ಈ ಸೂಚನೆ ಯಾವ ಭಾಷೆಯಲ್ಲಿರಬೇಕು ಎಂಬುದು ಕನ್ನಡದ ಮಟ್ಟಿಗೆ ಸಣ್ಣ ಪ್ರಶ್ನೆಯಲ್ಲ. ಆಸ್ಕಿಯ ಮಾರ್ಗಸೂಚಿ ಇಂಗ್ಲಿಷಿನಲ್ಲಿ ಅಥವಾ ಜಾಹೀರಾತಿನ ಭಾಷೆಯಲ್ಲಿ, ಸಾಮಾನ್ಯ ಗ್ರಾಹಕರಿಗೆ ತಿಳಿಯುವಂತೆ ಸೂಚನೆ ಇರಬೇಕೆನ್ನುತ್ತದೆ. ಅಡುಗೆ, ಕೃಷಿ ಉಪಕರಣ, ಮೊಬೈಲುಗಳ ಬಗ್ಗೆ ಸೊಗಸಾದ ಕನ್ನಡದಲ್ಲಿ ವಿವರಿಸುವ ವಿಡಿಯೊಗಳಲ್ಲಿಯೂ ಕಮಿಷನ್ನಿನ ವಿಷಯ ಮಾತಿನಲ್ಲೆಲ್ಲೂ ಬಾರದೆ, ಮಡಚಿಟ್ಟ ವಿವರಣೆಯ ತಳದಲ್ಲಿ ಇಂಗ್ಲಿಷಿನ ಸಿದ್ಧವಾಕ್ಯವಾಗಿ ಮಾತ್ರ ಉಳಿಯುವುದು ಅಪರೂಪವಲ್ಲ. ಔಷಧ ಸಿಂಪಡಿಸುವ ಯಂತ್ರದ ಗುಣವನ್ನು ಕನ್ನಡದಲ್ಲಿ ಕೇಳಿ ನಂಬಿದ ರೈತರಿಗೆ, ಆ ಮಾತಿನ ಹಿಂದಿರುವ ಹಣದ ವಿಷಯವೂ ಅದೇ ಕನ್ನಡದಲ್ಲಿ ಕೇಳಿಸಬೇಕು. ಪ್ರಿನ್ಸ್‌ಟನ್ ಅಧ್ಯಯನ ಸೂಚಿಸಿದ ಬಿಡಿಸಿ ಹೇಳುವ ವಾಕ್ಯವನ್ನು ಕನ್ನಡದಲ್ಲಿ ನುಡಿಯಲು ಬೇಕಾಗುವುದು ಮೂರು ನಾಲ್ಕು ಸೆಕೆಂಡುಗಳಷ್ಟೇ.

ಈ ನಡುವೆ ಕೊಂಡಿಯ ಸ್ವರೂಪವೇ ಬದಲಾಗುತ್ತಿದೆ. ಯೂಟ್ಯೂಬ್ 2024ರ ಅಕ್ಟೋಬರಿನಲ್ಲಿ ಫ್ಲಿಪ್‌ಕಾರ್ಟ್ ಮತ್ತು ಮಿಂತ್ರಾ ಜೊತೆಗೂಡಿ ತನ್ನ ಶಾಪಿಂಗ್ ಅಫಿಲಿಯೇಟ್ ಯೋಜನೆಯನ್ನು ಭಾರತಕ್ಕೆ ತಂದಿತು. ಇದರಲ್ಲಿ ವಿಡಿಯೊ ಮಾಡುವವರು ವಿವರಣೆಯಲ್ಲಿ ಕೊಂಡಿಯನ್ನು ಅಂಟಿಸುವ ಬದಲು ವಿಡಿಯೊಗೇ ವಸ್ತುಗಳನ್ನು ಜೋಡಿಸುತ್ತಾರೆ, ಕ್ಲಿಕ್ಕಿನ ಲೆಕ್ಕವನ್ನು ವೇದಿಕೆಯೇ ನೋಡಿಕೊಳ್ಳುತ್ತದೆ. ಅಫಿಲಿಯೇಟುಗಳಿಗೆ ಇದು ಅನುಕೂಲ, ಆ್ಯಪಿನ ಒಳಬ್ರೌಸರಿನಲ್ಲಿ ಗುರುತು ಕಳೆದುಹೋಗುವ ತೊಂದರೆಯೂ ಇದರಿಂದ ತಗ್ಗುತ್ತದೆ. ಆದರೆ ಕೊಂಡಿಯಲ್ಲಿ ಬಯಲಾಗಿ ಕಾಣುತ್ತಿದ್ದ ಗುರುತುಪದ ಈಗ ವೇದಿಕೆಯ ಒಳಗಿನ ದತ್ತಾಂಶವಾಗುವುದರಿಂದ, ಯಾವ ಅಫಿಲಿಯೇಟಿನ ಯಾವ ಶಿಫಾರಸಿಗೆ ಹಣ ಸಂದಿದೆ ಎಂಬುದನ್ನು ಸಂಶೋಧಕರು ಹೊರಗಿನಿಂದ ಎಣಿಸಬಲ್ಲ ದಾರಿ ಕಿರಿದಾಗುತ್ತದೆ. 2018ರ ಅಧ್ಯಯನದಂಥ ಎಣಿಕೆಯನ್ನು ಇಂಥ ಯೋಜನೆಗಳ ಮೇಲೆ ನಡೆಸಬೇಕಾದರೆ ವೇದಿಕೆಗಳು ತಮ್ಮ ದತ್ತಾಂಶವನ್ನು ಸಂಶೋಧಕರಿಗೂ ನಿಯಂತ್ರಕರಿಗೂ ತೆರೆದಿಡಬೇಕಾಗುತ್ತದೆ.