ಟೋಕನ್ ನಮ್ಮ ಜೇಬಲ್ಲಿ, ಲೆಕ್ಕ ಅವರ ಪುಸ್ತಕದಲ್ಲಿ

ವೆಬ್‌ಗೆ ಹುಟ್ಟು ಮರೆವು. ಬ್ರೌಸರ್ ಒಂದು ಪುಟ ಕೇಳುತ್ತದೆ, ಸರ್ವರ್ ಕಳಿಸಿಕೊಡುತ್ತದೆ, ಅಲ್ಲಿಗೆ ಇಬ್ಬರ ಪರಿಚಯ ಮುಗಿಯಿತು. ಮರುಕ್ಷಣವೇ ಅದೇ ಬ್ರೌಸರ್ ಇನ್ನೊಂದು ಪುಟ ಕೇಳಿದರೆ ಸರ್ವರ್ ಪಾಲಿಗೆ ಅದು ಹೊಸ ಮುಖ. ಎಚ್‌ಟಿಟಿಪಿ ಎಂಬ ಈ ವಿನಿಮಯ ವ್ಯವಸ್ಥೆಯನ್ನು ಕಟ್ಟಿದ್ದೇ ಹಾಗೆ. ಬರೀ ಓದುವುದಕ್ಕೆ ಅಷ್ಟು ಸಾಕಿತ್ತು, ಅಂಗಡಿ ಇಡುವುದಕ್ಕೆ ಸಾಲದು. ಬುಟ್ಟಿಗೆ ಒಂದು ಪುಸ್ತಕ ಹಾಕಿ ಪುಟ ತಿರುಗಿಸುವಷ್ಟರಲ್ಲಿ ಬುಟ್ಟಿ ಯಾರದೆಂದೇ ಅಂಗಡಿಯವನಿಗೆ ಮರೆತುಹೋದರೆ ವ್ಯಾಪಾರ ನಡೆಯುವುದು ಹೇಗೆ? 1994ರಲ್ಲಿ ನೆಟ್‌ಸ್ಕೇಪ್ ಕಂಪನಿಯ ಎಂಜಿನಿಯರ್ ಲೂ ಮೊಂಟುಲಿ ಇದಕ್ಕೊಂದು ಉಪಾಯ ಕಂಡುಕೊಂಡರು. ಅದು ದೇವಸ್ಥಾನದ ಚಪ್ಪಲಿ ಸ್ಟ್ಯಾಂಡಿನಲ್ಲಿ ಕೊಡುವ ಟೋಕನ್‌ನಂಥದು. ಸರ್ವರ್ ಒಂದು ಗುರುತು ಬರೆದು ಕೊಡುತ್ತದೆ, ಬ್ರೌಸರ್ ಅದನ್ನು ಜೋಪಾನವಾಗಿಟ್ಟುಕೊಂಡು ಅದೇ ತಾಣಕ್ಕೆ ಹೋದಾಗಲೆಲ್ಲ ತೋರಿಸುತ್ತದೆ. ಇಂಥ ತುಣುಕನ್ನು ಯುನಿಕ್ಸ್ ಪ್ರೋಗ್ರಾಮರುಗಳು ಮೊದಲಿನಿಂದಲೂ ‘ಮ್ಯಾಜಿಕ್ ಕುಕಿ’ ಎನ್ನುತ್ತಿದ್ದರು, ಹೆಸರು ಅಲ್ಲಿಂದ ಬಂತು.

ಕುಕಿ ಪ್ರೋಗ್ರಾಮ್ ಅಲ್ಲ, ವೈರಸ್ ಅಲ್ಲ. ಅದು ಹೆಚ್ಚೆಂದರೆ ನಾಲ್ಕು ಕಿಲೋಬೈಟ್‌ನಷ್ಟು ಅಕ್ಷರಗಳು: ಒಂದು ಹೆಸರು, ಒಂದು ಮೌಲ್ಯ, ಯಾವ ತಾಣಕ್ಕೆ ಸೇರಿದ್ದು, ಎಂದಿಗೆ ಅವಧಿ ಮುಗಿಯುತ್ತದೆ ಎಂಬ ವಿವರ. ಅದು ನಮ್ಮ ಫೋಟೊ ತೆರೆಯಲಾರದು, ಕಡತ ಓದಲಾರದು. ಕೆಲವು ಕುಕಿಗಳು ಬ್ರೌಸರ್ ಮುಚ್ಚಿದೊಡನೆ ಹೋಗುತ್ತವೆ, ಕೆಲವು ತಿಂಗಳುಗಟ್ಟಲೆ ಉಳಿಯುತ್ತವೆ. ಗೂಗಲ್‌ನ ಕ್ರೋಮ್ ಬ್ರೌಸರ್ 2022ರಲ್ಲಿ ಗರಿಷ್ಠ ಆಯುಸ್ಸನ್ನು 400 ದಿನಕ್ಕೆ ಮಿತಿಗೊಳಿಸಿತು. ಟೋಕನ್‌ನ ಮೇಲಿರುವುದು ಬರೀ ಸಂಖ್ಯೆ, ಚಪ್ಪಲಿ ಇರುವುದು ಸ್ಟ್ಯಾಂಡಿನವನ ಬಳಿ. ಹಾಗೆಯೇ ಕುಕಿಯಲ್ಲಿರುವುದು ಬಹಳ ಸಲ ಅರ್ಥವಿಲ್ಲದ ಅಕ್ಷರಮಾಲೆಯಷ್ಟೆ. ನಾವು ಏನು ನೋಡಿದೆವು, ಏನು ಕೊಂಡೆವು ಎಂಬ ಲೆಕ್ಕ ಬೆಳೆಯುವುದು ಆಚೆ ದಡದ ಸರ್ವರ್‌ನಲ್ಲಿ. ‘ಕುಕಿ ಅಳಿಸಿದೆ’ ಎಂದು ನೆಮ್ಮದಿಯಾಗಿರುವವರು ಇದನ್ನು ಗಮನಿಸಬೇಕು. ಅವರು ಎಸೆದದ್ದು ಟೋಕನ್ ಮಾತ್ರ, ಲೆಕ್ಕದ ಪುಸ್ತಕ ಇದ್ದಲ್ಲೇ ಇದೆ.

ಲಾಗಿನ್ ಆಗಿ ಉಳಿಯಲು, ಭಾಷೆ ನೆನಪಿಡಲು, ಬುಟ್ಟಿ ತುಂಬಲು ಬೇಕಾದ ಈ ಟೋಕನ್ ಬಗ್ಗೆ ಯಾರದೂ ತಕರಾರಿಲ್ಲ. ತಕರಾರು ಹುಟ್ಟುವುದು ಮೂರನೆಯವರಿಂದ. ಒಂದು ಸುದ್ದಿತಾಣದ ಪುಟ ತೆರೆದಾಗ ಬರಹ ಆ ತಾಣದ ಸರ್ವರ್‌ನಿಂದ ಬರುತ್ತದೆ, ಪಕ್ಕದ ಜಾಹೀರಾತು ಬೇರೊಂದು ಕಂಪನಿಯ ಸರ್ವರ್‌ನಿಂದ ಬರುತ್ತದೆ. ಜಾಹೀರಾತಿನ ಜೊತೆಗೆ ಆ ಕಂಪನಿಯೂ ತನ್ನದೊಂದು ಟೋಕನ್ ಕೊಟ್ಟುಬಿಡುತ್ತದೆ. ಮಧ್ಯಾಹ್ನ ಅಡುಗೆಯ ತಾಣದಲ್ಲಿ, ಸಂಜೆ ಔಷಧದ ತಾಣದಲ್ಲಿ ಅದೇ ಕಂಪನಿಯ ಜಾಹೀರಾತು ಇದ್ದರೆ ಬ್ರೌಸರ್ ಅದೇ ಟೋಕನ್ ತೋರಿಸುತ್ತದೆ. ಕಂಪನಿಗೆ ನಮ್ಮ ಹೆಸರು ಗೊತ್ತಿರಬೇಕೆಂದಿಲ್ಲ. ಈ ಸಂಖ್ಯೆಯವರು ಬೆಳಿಗ್ಗೆ ಚುನಾವಣೆ ಸುದ್ದಿ ಓದಿದರು, ಮಧ್ಯಾಹ್ನ ಸಕ್ಕರೆ ಕಾಯಿಲೆಗೆ ಪಥ್ಯ ಹುಡುಕಿದರು, ಸಂಜೆ ಮಾತ್ರೆಯ ಬೆಲೆ ನೋಡಿದರು ಎಂಬಷ್ಟು ಪೋಣಿಸಿದರೆ ಅದರ ಕೆಲಸ ಆಯಿತು. ಜಾಹೀರಾತು ಚಿತ್ರವೇ ಬೇಕೆಂದಿಲ್ಲ, ಕಣ್ಣಿಗೆ ಕಾಣದ ಒಂದೇ ಚುಕ್ಕೆಯಷ್ಟಿರುವ ಚಿತ್ರವೂ ಇದಕ್ಕೆ ಸಾಕು.

ಈ ಅಪಾಯ ತಡವಾಗಿ ಗೊತ್ತಾದದ್ದಲ್ಲ. 1997ರ ಫೆಬ್ರವರಿಯಲ್ಲಿ ಡೇವಿಡ್ ಕ್ರಿಸ್ಟಲ್ ಮತ್ತು ಮೊಂಟುಲಿ ಸೇರಿ ಬರೆದ ಕುಕಿಯ ಮೊದಲ ಮಾನದಂಡ, ಆರ್‌ಎಫ್‌ಸಿ 2109, ಬಳಕೆದಾರರು ತಾವಾಗಿ ಹೋಗದ ತಾಣಗಳ ಕುಕಿಯನ್ನು ಬ್ರೌಸರ್ ತಾನಾಗಿ ಒಪ್ಪಿಕೊಳ್ಳಬಾರದು ಎಂದೇ ಹೇಳಿತ್ತು. ಅಂದಿನ ಎರಡು ದೊಡ್ಡ ಬ್ರೌಸರ್‌ಗಳಾದ ನೆಟ್‌ಸ್ಕೇಪ್ ಮತ್ತು ಇಂಟರ್ನೆಟ್ ಎಕ್ಸ್‌ಪ್ಲೋರರ್ ಅದನ್ನು ಪಾಲಿಸಲಿಲ್ಲ. ಜಾಹೀರಾತಿನ ಹಣ ಆಗಲೇ ಹರಿಯತೊಡಗಿತ್ತು. ಮೂರನೆಯವರ ಕುಕಿಗೆ ತಡೆ ಹಾಕಿದರೆ ಕಂಪನಿಗಳು ಇನ್ನೂ ಗುಟ್ಟಾದ ದಾರಿ ಹಿಡಿಯುತ್ತವೆ, ಕುಕಿಯಾದರೆ ಜನರ ಕಣ್ಣಿಗೆ ಕಾಣುತ್ತದೆ, ಬೇಕಾದರೆ ಅಳಿಸಬಹುದು ಎಂದು ಮೊಂಟುಲಿ ಮುಂದೆ ತಡೆ ಹಾಕದ ತಮ್ಮ ನಿರ್ಧಾರವನ್ನು ಸಮರ್ಥಿಸಿಕೊಂಡರು. ತಳ್ಳಿಹಾಕುವ ವಾದವಲ್ಲ ಅದು. ಆದರೆ ಸೆಟ್ಟಿಂಗ್ಸ್‌ನ ಮೂರನೆಯ ಮೆಟ್ಟಿಲಲ್ಲಿ ಅಡಗಿರುವುದನ್ನು ಕಣ್ಣಿಗೆ ಕಾಣುತ್ತದೆ ಎನ್ನಬಹುದೇ? ಬ್ರೌಸರ್ ಹೇಗೆ ಬಂದಿತೋ ಹಾಗೆಯೇ ಬಹುಪಾಲು ಜನ ಬಳಸುತ್ತಾರೆ. ಮೊದಲೇ ಯಾವುದನ್ನು ಆರಿಸಿಟ್ಟಿದ್ದಾರೆ ಎಂಬುದರಲ್ಲೇ ಇಡೀ ವ್ಯವಹಾರ ತೀರ್ಮಾನವಾಗಿಬಿಟ್ಟಿರುತ್ತದೆ, ಉಳಿದದ್ದೆಲ್ಲ ಉಪಚಾರ.

ಯುರೋಪಿನ ಅನುಭವ ಇದನ್ನೇ ತೋರಿಸುತ್ತದೆ. ಅಲ್ಲಿ 2009ರ ಕಾನೂನು ತಿದ್ದುಪಡಿ ಕುಕಿಗೆ ಮುಂಚಿತ ಒಪ್ಪಿಗೆ ಬೇಕೆಂದಿತು, 2018ರ ಮೇ 25ರಂದು ಜಾರಿಗೆ ಬಂದ ಜಿಡಿಪಿಆರ್ ಎಂಬ ದತ್ತಾಂಶ ಸಂರಕ್ಷಣಾ ಕಾನೂನು ಆ ಒಪ್ಪಿಗೆಯ ಅರ್ಥವನ್ನು ಬಿಗಿ ಮಾಡಿತು. ತಾಣಗಳು ಮಾಡಿದ್ದೇನು? ಬ್ರೌಸರ್‌ನಲ್ಲೇ ಮುಗಿಯಬೇಕಿದ್ದ ಪ್ರಶ್ನೆಯನ್ನು ತಂದು ಪುಟದ ಬಾಗಿಲಲ್ಲಿ ನಿಲ್ಲಿಸಿದವು. ‘ಎಲ್ಲವನ್ನೂ ಒಪ್ಪುತ್ತೇನೆ’ ಎಂಬ ಗುಂಡಿಗೆ ದಟ್ಟ ಬಣ್ಣ, ನಿರಾಕರಿಸಲು ಮಸುಕು ಅಕ್ಷರ, ಒಳಗೆ ಹೋದರೆ ಮತ್ತೊಂದು ಪಟ್ಟಿ. ಮೊದಲೇ ಟಿಕ್ ಹಾಕಿಟ್ಟ ಚೌಕ ಒಪ್ಪಿಗೆಯಲ್ಲ ಎಂದು ಯುರೋಪಿಯನ್ ನ್ಯಾಯಾಲಯ 2019ರ ಅಕ್ಟೋಬರ್ 1ರಂದು ಪ್ಲಾನೆಟ್49 ಪ್ರಕರಣದಲ್ಲಿ ಹೇಳಬೇಕಾಯಿತು. ಒಪ್ಪಲು ಒಂದೇ ಕ್ಲಿಕ್, ನಿರಾಕರಿಸಲು ಹಲವು ಕ್ಲಿಕ್ ಇಟ್ಟ ತಪ್ಪಿಗೆ ಫ್ರಾನ್ಸಿನ ದತ್ತಾಂಶ ನಿಯಂತ್ರಕ ಸಂಸ್ಥೆ ಗೂಗಲ್‌ಗೆ 15 ಕೋಟಿ ಯೂರೊ, ಫೇಸ್‌ಬುಕ್‌ಗೆ 6 ಕೋಟಿ ಯೂರೊ ದಂಡ ಹಾಕಿದ ಸುದ್ದಿ 2022ರ ಜನವರಿಯಲ್ಲಿ ಹೊರಬಿತ್ತು. ದಂಡ ಸರಿಯೇ. ಆದರೆ ಸುದ್ದಿ ಓದುವ ಆತುರದಲ್ಲಿ ಬಂದವರನ್ನು ದಿನಕ್ಕೆ ಇಪ್ಪತ್ತು ಸಲ ತಡೆದು ‘ಒಪ್ಪುತ್ತೀರಾ’ ಎಂದು ಕೇಳುವುದು ಅವರ ಹಕ್ಕಿಗೆ ತೋರಿಸುವ ಗೌರವವಲ್ಲ, ಅವರ ತಾಳ್ಮೆಯ ಮೇಲೆ ಕಟ್ಟಿದ ಪಂದ್ಯ. ತಮಾಷೆಯೆಂದರೆ ‘ಬೇಡ’ ಎಂದ ನಮ್ಮ ಉತ್ತರವನ್ನೂ ತಾಣ ಸಾಮಾನ್ಯವಾಗಿ ಒಂದು ಕುಕಿಯಲ್ಲೇ ಬರೆದಿಡುತ್ತದೆ. ಕುಕಿಗಳನ್ನೆಲ್ಲ ಗುಡಿಸಿ ಹಾಕಿದರೆ ಆ ‘ಬೇಡ’ವೂ ಕಸದ ಜೊತೆ ಹೋಗುತ್ತದೆ, ನಾಳೆ ಪ್ರಶ್ನೆ ಮತ್ತೆ ಬಾಗಿಲಲ್ಲಿ.

ಹಾಗಾಗಿ ಕುಕಿ ನಿರ್ವಹಣೆ ಎಂದರೆ ಪ್ರತಿ ತಾಣದ ಫಲಕದೊಡನೆ ಗುದ್ದಾಡುವುದಲ್ಲ, ಬ್ರೌಸರ್‌ನಲ್ಲಿ ಒಮ್ಮೆ ಮಾಡಿ ಬಿಡುವ ಕೆಲಸ. ಆಪಲ್‌ನ ಸಫಾರಿ 2020ರ ಮಾರ್ಚ್‌ನಿಂದ ಮೂರನೆಯವರ ಕುಕಿಯನ್ನು ತಾನಾಗಿಯೇ ಪೂರ್ತಿ ತಡೆಯುತ್ತದೆ. ಫೈರ್‌ಫಾಕ್ಸ್ 2022ರಿಂದ ಪ್ರತಿ ತಾಣಕ್ಕೂ ಬೇರೆ ಬೇರೆ ಡಬ್ಬಿ ಇಟ್ಟಿದೆ, ಒಂದರಲ್ಲಿ ಕೊಟ್ಟ ಟೋಕನ್ ಇನ್ನೊಂದರಲ್ಲಿ ಕಾಣಿಸುವುದಿಲ್ಲ. ಎಲ್ಲಕ್ಕಿಂತ ಹೆಚ್ಚು ಬಳಕೆಯಲ್ಲಿರುವ ಕ್ರೋಮ್ ಮಾತ್ರ ಎರಡು ವರ್ಷದೊಳಗೆ ಮೂರನೆಯವರ ಕುಕಿಗಳನ್ನು ತೆಗೆಯುತ್ತೇನೆ ಎಂದು 2020ರಲ್ಲಿ ಹೇಳಿ, ಮತ್ತೆ ಮತ್ತೆ ಮುಂದೂಡಿ, 2024ರ ಜುಲೈನಲ್ಲಿ ಆ ಯೋಜನೆಯನ್ನೇ ಕೈಬಿಟ್ಟಿತು. ಜಾಹೀರಾತಿನಿಂದಲೇ ಬದುಕುವ ಕಂಪನಿಯ ಬ್ರೌಸರ್ ಅದು ಎಂಬುದನ್ನು ಇಲ್ಲಿ ನೆನೆಯದಿರಲಾಗದು. ಆದರೂ ಅದರಲ್ಲಿ ಗುಂಡಿ ಇದೆ: ಸೆಟ್ಟಿಂಗ್ಸ್‌ಗೆ ಹೋಗಿ, ‘ಪ್ರೈವೆಸಿ ಅಂಡ್ ಸೆಕ್ಯುರಿಟಿ’ ವಿಭಾಗದಲ್ಲಿ ‘ಥರ್ಡ್ ಪಾರ್ಟಿ ಕುಕೀಸ್’ ಹುಡುಕಿ ‘ಬ್ಲಾಕ್’ ಒತ್ತಿದರೆ ಮುಗಿಯಿತು. ಇನ್‌ಕಾಗ್ನಿಟೊ ಕಿಟಕಿಯನ್ನು ಇದಕ್ಕೆ ಬದಲಿಯೆಂದು ತಿಳಿಯಬಾರದು. ಅದು ಮುಚ್ಚಿದಾಗ ತನ್ನ ಕುಕಿಗಳನ್ನು ಅಳಿಸುತ್ತದೆ, ಬೇರೆಯವರ ಕಂಪ್ಯೂಟರ್ ಬಳಸುವಾಗ ಅದು ಉಪಯುಕ್ತ, ಅಷ್ಟೆ. ಇನ್ನು ಫೋನಿನ ಆ್ಯಪ್‌ಗಳ ಲೋಕವೇ ಬೇರೆ. ಅಲ್ಲಿ ಈ ಕೆಲಸ ಮಾಡುವುದು ಫೋನಿಗೇ ಕೊಟ್ಟ ಜಾಹೀರಾತು ಐಡಿ, ಆಂಡ್ರಾಯ್ಡ್ ಸೆಟ್ಟಿಂಗ್ಸ್‌ನಲ್ಲಿ ಅದನ್ನೂ ಅಳಿಸಬಹುದು.

ಹೀಗೆ ತಡೆದರೆ ತಾಣಗಳು ಕೆಡುತ್ತವೆ ಎನ್ನುವವರಿದ್ದಾರೆ. ಎಲ್ಲ ಕುಕಿ ತಡೆದರೆ ಕೆಡುತ್ತವೆ, ಲಾಗಿನ್ನೇ ಆಗದು. ಮೂರನೆಯವರದ್ದನ್ನಷ್ಟೇ ತಡೆದರೆ ಅಪರೂಪಕ್ಕೆ ಒಂದು ಪಾವತಿ ಪುಟವೋ ವಿಡಿಯೊವೋ ಮುಷ್ಕರ ಹೂಡಬಹುದು, ಆಗ ಆ ತಾಣವೊಂದಕ್ಕೆ ವಿನಾಯಿತಿ ಕೊಡುವ ಅವಕಾಶ ಅದೇ ಸೆಟ್ಟಿಂಗ್ಸ್‌ನಲ್ಲಿದೆ. ಐಫೋನ್‌ನಲ್ಲಿ ಸಫಾರಿ ಬಳಸುವವರೆಲ್ಲ ವರ್ಷಗಳಿಂದ ಈ ತಡೆಯ ಜೊತೆಗೇ ಬಾಳುತ್ತಿದ್ದಾರೆ, ಹೆಚ್ಚಿನವರಿಗೆ ಅದು ಗೊತ್ತೂ ಇಲ್ಲ. ಜಾಹೀರಾತು ಇಲ್ಲದಿದ್ದರೆ ಉಚಿತ ಸುದ್ದಿ ಎಲ್ಲಿಂದ ಬರುತ್ತದೆ ಎಂಬ ಆಕ್ಷೇಪ ಇದಕ್ಕಿಂತ ಗಟ್ಟಿಯಾದದ್ದು. ಕುಕಿ ತಡೆದರೆ ಜಾಹೀರಾತು ಹೋಗುವುದಿಲ್ಲ, ಹಿಂಬಾಲಿಸುವ ಜಾಹೀರಾತು ಹೋಗುತ್ತದೆ. ಕೃಷಿ ಲೇಖನದ ಪಕ್ಕ ಟ್ರ್ಯಾಕ್ಟರ್ ಜಾಹೀರಾತು ಹಾಕಲು ಓದುಗರ ಔಷಧದ ಚೀಟಿ ನೋಡಬೇಕಿಲ್ಲ. ಹಾಗೆಂದು ಸಣ್ಣ ತಾಣಗಳಿಗೆ ನಷ್ಟವೇ ಇಲ್ಲ ಎಂದಲ್ಲ. ಕೋಟ್ಯಂತರ ಜನ ಲಾಗಿನ್ ಆಗಿರುವ ದೈತ್ಯ ಕಂಪನಿಗಳಿಗೆ ಮೂರನೆಯವರ ಕುಕಿ ಇಲ್ಲದೆಯೂ ನಡೆಯುತ್ತದೆ, ಸಣ್ಣವರಿಗೆ ನಡೆಯದು. ಬ್ರಿಟನ್ನಿನ ಸ್ಪರ್ಧಾ ನಿಯಂತ್ರಕರು ಕ್ರೋಮ್ ಯೋಜನೆಯ ಮೇಲೆ ಕಣ್ಣಿಟ್ಟದ್ದು ಇದೇ ಕಾರಣಕ್ಕೆ. ಆದರೆ ಮಾರುಕಟ್ಟೆಯ ಆ ಅಸಮತೋಲವನ್ನು ಸರಿಪಡಿಸುವ ಹೊಣೆ ನಿಯಂತ್ರಕರದು, ಅದಕ್ಕಾಗಿ ಓದುಗರು ತಮ್ಮ ಹೆಜ್ಜೆಗುರುತು ದಾನ ಮಾಡಬೇಕಿಲ್ಲ. ಪರದೆಯ ಅಳತೆ, ಫಾಂಟುಗಳ ಪಟ್ಟಿ ಇವನ್ನೆಲ್ಲ ಕೂಡಿಸಿ ಕುಕಿಯಿಲ್ಲದೆಯೇ ಸಾಧನವನ್ನು ಗುರುತಿಸುವ ಫಿಂಗರ್‌ಪ್ರಿಂಟಿಂಗ್ ಬಂದಿರುವಾಗ ಇದೆಲ್ಲ ವ್ಯರ್ಥವಲ್ಲವೇ ಎನ್ನಬಹುದು. ಕಿಟಕಿಯಿಂದ ಕಳ್ಳ ಬರಬಲ್ಲ ಎಂದು ಯಾರೂ ಮುಂಬಾಗಿಲ ಚಿಲಕ ತೆಗೆದಿಡುವುದಿಲ್ಲ.

ನಮ್ಮಲ್ಲಿ ಈ ಪ್ರಶ್ನೆ ಈಗ ಹೊಸ್ತಿಲಿಗೆ ಬಂದಿದೆ. ಖಾಸಗಿತನ ಮೂಲಭೂತ ಹಕ್ಕು ಎಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ 2017ರ ಆಗಸ್ಟ್ 24ರಂದು ಹೇಳಿದ್ದು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ಅವರ ಅರ್ಜಿಯ ಮೇಲೆ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯಲ್ಲಿ ಕುಕಿ ಎಂಬ ಪದವೇ ಇಲ್ಲ, ಆದರೆ ವ್ಯಕ್ತಿಯನ್ನು ಗುರುತಿಸಬಲ್ಲ ಮಾಹಿತಿಗೆ ಅದು ಅನ್ವಯಿಸುತ್ತದೆ. ಅದರ ನಿಯಮಗಳು 2025ರ ನವೆಂಬರ್‌ನಲ್ಲಿ ಪ್ರಕಟವಾದವು, ಮುಖ್ಯ ಕಟ್ಟಳೆಗಳಿಗೆ ಹದಿನೆಂಟು ತಿಂಗಳ ಕಾಲಾವಕಾಶ ಇದೆ. ಒಪ್ಪಿಗೆ ಹಿಂಪಡೆಯುವುದು ಒಪ್ಪಿಗೆ ಕೊಟ್ಟಷ್ಟೇ ಸುಲಭವಾಗಿರಬೇಕು ಎನ್ನುತ್ತದೆ ಕಾಯ್ದೆ. ಒಪ್ಪಿಗೆಯ ಕೋರಿಕೆಯನ್ನು ಇಂಗ್ಲಿಷ್‌ನಲ್ಲಿ ಅಥವಾ ಎಂಟನೆಯ ಅನುಸೂಚಿಯ 22 ಭಾಷೆಗಳಲ್ಲಿ ಬೇಕಾದುದರಲ್ಲಿ ಓದುವ ಅವಕಾಶವನ್ನೂ ಕೊಡಬೇಕು, ಅಂದರೆ ಕನ್ನಡದಲ್ಲೂ. ಅಂಥ ಫಲಕ ಕನ್ನಡದಲ್ಲಿ ಬಂದ ದಿನ ಅದರ ಭಾಷೆ ಶುದ್ಧವಾಗಿದೆಯೇ ಎಂದು ನೋಡುವ ಮೊದಲು, ‘ಒಪ್ಪುವುದಿಲ್ಲ’ ಎಂಬ ಗುಂಡಿ ‘ಒಪ್ಪುತ್ತೇನೆ’ಯ ಪಕ್ಕದಲ್ಲೇ, ಅಷ್ಟೇ ದಪ್ಪ ಅಕ್ಷರದಲ್ಲಿ ಇದೆಯೇ ಎಂದು ನೋಡಬೇಕು.